ಪರಾತದಲ್ಲಿ ಉಳಿದ ತಿರುಪು

ನಮ್ಮ ಮನೆಯಲ್ಲಿ ಹಿತ್ತಾಳೆಯ ಒಂದು ಪರಾತ ಇದೆ. ನನ್ನ ಹೆಂಡತಿ ಗಿರಿಜಾ ಮದುವೆಯಾಗಿ ಬಂದಾಗ ಅವಳ ಜೊತೆಗೇ ಬಂದದ್ದು. ಅದರ ಅಗಲ ಎಷ್ಟೆಂದರೆ, ಹಬ್ಬಕ್ಕೆ ಬಂದ ಇಪ್ಪತ್ತು ಮಂದಿಗೆ ಸಾಲುವಷ್ಟು ಹೋಳಿಗೆಯ ಕಣಕವನ್ನು ಒಂದೇ ಸಲಕ್ಕೆ ನಾದಬಹುದು. ಅಂಚಿನಲ್ಲಿ ಒಂದು ಕಡೆ ತಗ್ಗು ಬಿದ್ದಿದೆ. ಆ ತಗ್ಗಿಗೆ ಕಾರಣ ತಾನಲ್ಲ ಎಂದು ಅವಳೂ ನಾನೂ ಮದುವೆಯ ಮೊದಲ ವರ್ಷದಿಂದ ವಾದಿಸುತ್ತ ಬಂದಿದ್ದೇವೆ. ಜೋಳ ಹಸನು ಮಾಡಿದ್ದು, ಹಪ್ಪಳದ ಹಿಟ್ಟು ಕಲಸಿದ್ದು, ನಮ್ಮ ಮಗಳು ಕೂಸಾಗಿದ್ದಾಗ ಅವಳನ್ನು ಕೂಡಿಸಿ ನೀರು ಹಾಕಿದ್ದು ಎಲ್ಲ ಅದರಲ್ಲೇ. ಹೋದ ದಸರೆಯಲ್ಲಿ ಅದರೊಳಗೆ ಏನಿತ್ತೆಂಬುದನ್ನು ನಿಮಗೆ ಹೇಳಬೇಕು, ಆದರೆ ಅದಕ್ಕೆ ಮೊದಲು ನನ್ನ ಹುಂಬತನದ ಪರಿಚಯ ಆಗಬೇಕು.

ನಾನು ಮಾಸ್ತರ. ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತಾರು ವರ್ಷಗಳಿಂದ ಎಂಜಿನ್ನಿನ ಪಾಠ ಹೇಳುತ್ತಿದ್ದೇನೆ. ಅಳತೆಪಟ್ಟಿ ಇಲ್ಲದೆ ಕರಿಹಲಗೆಯ ಮೇಲೆ ಸಿಲಿಂಡರಿನ ಗೆರೆ ಎಳೆದರೆ ಕೂದಲೆಳೆಯಷ್ಟೂ ಕೊಂಕುವುದಿಲ್ಲ; ಪಿಸ್ಟನ್ನು ಏಕೆ ಮೇಲೇರುತ್ತದೆ, ಏಕೆ ಕೆಳಗಿಳಿಯುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಆದರೆ ಗೆಳೆಯರೇ, ನಿಮ್ಮ ಮುಂದೆ ಮುಚ್ಚುಮರೆ ಏಕೆ, ಇಷ್ಟು ವರ್ಷಗಳಲ್ಲಿ ಒಂದೇ ಒಂದು ಎಂಜಿನ್ನನ್ನೂ ನನ್ನ ಕೈಯಿಂದ ಬಿಚ್ಚಿ ಮತ್ತೆ ಕೂಡಿಸಿದವನಲ್ಲ ನಾನು. ವರ್ಕ್‌ಶಾಪಿನ ಕೆಲಸಕ್ಕೆ ಬೇರೆ ಮಂದಿ ಇದ್ದರು, ನನ್ನ ಬೆರಳಿಗೆ ಹತ್ತುತ್ತಿದ್ದದ್ದು ಸೀಮೆಸುಣ್ಣದ ಹುಡಿ ಮಾತ್ರ. ಪುಸ್ತಕದ ಬದನೆಕಾಯಿಯನ್ನು ನಾನು ಬಲು ಚೆನ್ನಾಗಿ ಬೆಳೆದಿದ್ದೆ, ಅಡಿಗೆಗೆ ಬರುವುದಿಲ್ಲ ಎಂಬ ಮಾತು ಬಿಟ್ಟರೆ.

ಇನ್ನು ಕಾರು. ಅದು ನನ್ನ ಅಕ್ಕನದು. ಅಕ್ಕ ಖಾನಾಪುರದಲ್ಲಿ ಹೆರಿಗೆ ಡಾಕ್ಟರು; ಜಾಂಬೋಟಿ ಕಡೆಯ ಕಾಡಿನ ಹಳ್ಳಿಗಳಲ್ಲಿ ಅವಳ ಕೈಯೊಳಗೆ ಮೊದಲ ಸಲ ಅತ್ತ ಕೂಸುಗಳು ಈಗ ಮೀಸೆ ಬಿಟ್ಟು ಅವಳಿಗೆ ನಮಸ್ಕಾರ ಹೇಳುತ್ತವೆ. ಆ ಹಳ್ಳಿಗಳಿಗೆಲ್ಲ ಅವಳನ್ನು ಒಯ್ದದ್ದು ಚೌಕ ಮೋರೆಯ ಒಂದು ಬಿಳಿ ಕಾರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವಳು ಕಾರು ಓಡಿಸುವುದನ್ನು ಬಿಟ್ಟಳು, ರೋಗಿಗಳನ್ನು ಬಿಡಲಿಲ್ಲ. ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, "ತಮ್ಮಾ, ನೀರ ನೋಡ್ಕೋತ ಇರು, ಅಷ್ಟ ಮಾಡು" ಎಂದಳು. ಅಂದಿನಿಂದ ಪ್ರತಿ ದಸರೆಯ ಸಂಜೆ ಬನ್ನಿ ಕೊಡಲು ನಾವು ಅದೇ ಕಾರಿನಲ್ಲಿ ಖಾನಾಪುರಕ್ಕೆ ಹೋಗುವುದು ಪದ್ಧತಿ. ಅಕ್ಕ ಗೇಟಿನ ಹತ್ತಿರ ನಿಂತಿರುತ್ತಾಳೆ, ನನಗಿಂತ ಮೊದಲು ಕಾರಿನ ಬಾನೆಟ್ಟನ್ನು ಸವರುತ್ತಾಳೆ, ಆಮೇಲೆ ನಮ್ಮನ್ನು ಒಳಗೆ ಕರೆಯುತ್ತಾಳೆ.

ಶ್ರಾವಣ ಕಳೆಯುತ್ತಿದ್ದ ಒಂದು ದಿನ ಕಾಕತಿಯಲ್ಲಿ ನೆಂಟರ ಮನೆಯ ಊಟ ಮುಗಿಸಿಕೊಂಡು ನಾವಿಬ್ಬರೂ ಮರಳುತ್ತಿದ್ದೆವು. ಕಾವು ತೋರಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಗಿರಿಜಾ ಅದನ್ನು ತೋರಿಸಿದಾಗ ನಾನು ಪಾಠದ ಧ್ವನಿಯಲ್ಲಿ, "ಎಂಜಿನ್ನಿಗೆ ಏನೂ ಆಗಿಲ್ಲ, ಮುಳ್ಳು ಕೆಟ್ಟೈತಿ" ಎಂದೆ. ಮುಳ್ಳು ಕೆಟ್ಟಿರಲಿಲ್ಲ. ರೇಡಿಯೇಟರಿನಲ್ಲಿ ನೀರೇ ಇರಲಿಲ್ಲ. ಎಂಜಿನ್ನು ಕಾದು, ಒಳಗೊಳಗೇ ಕಚ್ಚಿಕೊಂಡು, ಒಂದು ಸಲ ನರಳಿ ನಿಂತುಬಿಟ್ಟಿತು. ಅಕ್ಕ ಹೇಳಿದ್ದು ಒಂದೇ ಮಾತು, ನಾನು ಮರೆತದ್ದೂ ಅದೊಂದೇ ಮಾತು. ಎಂಜಿನ್ನು ತಂಪಾಗಿರುವ ಬಗೆಯನ್ನು ಪಾಠದಲ್ಲಿ ಒಂದು ವಾರ ಹೇಳುವವನು ನಾನು. ನಾಚಿಕೆಯಿಂದ ಅಕ್ಕನಿಗೆ ತಿಳಿಸಲೇ ಇಲ್ಲ.

ಮಚ್ಛೆಯಲ್ಲಿ ಹುಸೇನ್‌ಸಾಬ್ ಎಂಬ ಮಿಸ್ತ್ರಿಯ ಗ್ಯಾರೇಜು ಇದೆ. ಕಾರನ್ನು ಅಲ್ಲಿಗೆ ಎಳೆಸಿಕೊಂಡು ಹೋದೆ. ಮಿಸ್ತ್ರಿ ಮುಚ್ಚಳ ತೆಗೆದು ಒಳಗೆ ನೋಡಿದರು, ನನ್ನನ್ನು ನೋಡಿದರು, ಮಾಸ್ತರನ ಮರ್ಯಾದೆಗೆಂದು ಕಾರಣ ಕೇಳಲಿಲ್ಲ.

"ಇದು ಮುಗೀತ್ರಿ ಮಾಸ್ತರ್ರ. ಇದ ನಮೂನಿದು ಇನ್ನೊಂದು ಇಂಜಿನ್ ನನ್ನ ಕಡೆ ಐತಿ, ಚಲೋ ಐತಿ. ನಾಕ ದಿನದಾಗ ಕುಂದ್ರಿಸಿ ಕೊಡ್ತೀನಿ."

"ಇಂಜಿನ್ ಕೊಡ್ರಿ ಮಿಸ್ತ್ರಿ. ಕುಂದ್ರಸೂದು ನಾನ ಮಾಡ್ತೀನಿ" ಎಂದು ನನ್ನ ಬಾಯಿಂದ ಬಂತು.

ಅವರು ನನ್ನ ಕೈಗಳ ಕಡೆ ಒಂದು ಗಳಿಗೆ ನೋಡಿ, "ಮಾಡ್ರಿ. ಚೈನ್ ಪುಲ್ಲಿ ಬೇಕಾದ್ರ ಒಯ್ರಿ. ಆರ್‌ಟಿಓ ಕಾಗದ ಮೊದ್ಲ ಮಾಡಿಸ್ಕೋರಿ" ಎಂದರು. ನಗಲಿಲ್ಲ. ನಕ್ಕಿದ್ದರೆ ನಾನು ಅಲ್ಲಿಯೇ ಮನಸ್ಸು ಬದಲಿಸುತ್ತಿದ್ದೆನೋ ಏನೋ.

ಆಮೇಲೆ ಎರಡು ದಿನ ಮನಸ್ಸಿನೊಳಗೇ ಚರ್ಚಾಸ್ಪರ್ಧೆ ನಡೆಯಿತು. ಬಲ್ಲವರ ಕೈಗೆ ಕೊಟ್ಟರೆ ಕೆಲಸ ಕೆಡುವುದಿಲ್ಲ, ಸೊಂಟ ಉಳಿಯುತ್ತದೆ, ಭಾನುವಾರದ ನಿದ್ದೆ ಉಳಿಯುತ್ತದೆ. ಅಕ್ಕನೂ ಯಾವಾಗಲೂ ಹೇಳುತ್ತಾಳೆ, ತನ್ನ ಮನೆಯವರ ಮೇಲೆ ಡಾಕ್ಟರು ತಾನೇ ಕತ್ತರಿ ಇಡಬಾರದು ಎಂದು. ಇನ್ನೊಂದು ಕಡೆ, ಕಾಯಕದ ಬಗ್ಗೆ ಬಸವ ಜಯಂತಿಯ ವೇದಿಕೆಗಳಲ್ಲಿ ಅಷ್ಟೊಂದು ಭಾಷಣ ಬಿಗಿದ ನಾಲಿಗೆ ನನ್ನದು. ಅದೇ ಮೈಯ ಕೈಗೆ ಒಮ್ಮೆಯಾದರೂ ಎಣ್ಣೆ ಹತ್ತಬೇಡವೇ? ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ನನ್ನ ಬಾಯಿಯಂತೂ ಕೆಸರಿಲ್ಲದೆಯೇ ಮೊಸರುಂಡಿತ್ತು. ಈ ದೊಡ್ಡ ಮಾತುಗಳ ಕೆಳಗೆ ಇದ್ದ ನಿಜವಾದ ಕಾರಣ ಸಣ್ಣದು: ನಾನು ಕೆಡಿಸಿದ್ದನ್ನು ನಾನೇ ಸರಿಮಾಡಿ, ದಸರೆಯ ಸಂಜೆ ಅಕ್ಕನ ಗೇಟಿಗೆ ಅವಳ ಕಾರನ್ನು ನಡೆಸಿಕೊಂಡು ಹೋಗಬೇಕಿತ್ತು. ಅದಾಗದಿದ್ದರೆ ಅವಳ ಮುಖ ನೋಡಲಾರೆ ಎನಿಸಿತ್ತು.

ಕಾರನ್ನೂ ಮಿಸ್ತ್ರಿಯ ಎಂಜಿನ್ನನ್ನೂ ಮನೆಗೆ ತರಿಸಿಕೊಂಡೆ, ಕೆಲಸ ಶುರುವಾಯಿತು. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ, ಭಾನುವಾರ ಮತ್ತು ರಜೆಯ ದಿನಗಳಲ್ಲಿ, ನಾನು ಹಳೆಯ ಎಂಜಿನ್ನನ್ನು ಬಿಚ್ಚತೊಡಗಿದೆ. ಆ ದಿನಗಳ ಸುಖವನ್ನು ಹೇಗೆ ಹೇಳಲಿ? ನಾನು ಬೋರ್ಡಿನ ಮೇಲೆ ಬಿಳಿ ಗೆರೆಯಾಗಿ ಬಲ್ಲ ವಸ್ತುಗಳೆಲ್ಲ ಒಂದೊಂದಾಗಿ ಭಾರ ತಾಳಿ, ವಾಸನೆ ತಾಳಿ, ಬೆರಳಿಗೆ ತರಚುಗಾಯ ಕೊಟ್ಟು ತಮ್ಮ ಗುರುತು ಹೇಳಿಕೊಂಡವು. ಐವತ್ತೆರಡನೆಯ ವಯಸ್ಸಿನಲ್ಲಿ ನೆಲಕ್ಕೆ ಗೋಣಿಚೀಲ ಹಾಸಿ ಕಾರಿನ ಕೆಳಗೆ ತೆವಳುವವನಿಗೆ ಸಿಗುವ ಸಂತೋಷವನ್ನು ಮಾವಿನ ಮರ ಹತ್ತಿದ ಹುಡುಗ ಮಾತ್ರ ಬಲ್ಲ. ಬಿಚ್ಚಿದ ಬೋಲ್ಟುಗಳನ್ನು ನಾನು ಮಾಸ್ತರನ ಶಿಸ್ತಿನಿಂದ ಬೇರೆಬೇರೆಯಾಗಿ ಇಟ್ಟೆ. ಗಿರಿಜಾಳ ಅಡಿಗೆಮನೆಯಿಂದ ಸ್ಟೀಲಿನ ಬಟ್ಟಲುಗಳನ್ನು ಒಂದೊಂದಾಗಿ ತಂದು, ಪ್ರತಿಯೊಂದರಲ್ಲೂ ಒಂದು ಚೀಟಿ: 'ಗೇರ್‌ಬಾಕ್ಸ್, ಮೇಲಿನವು', 'ನೀರಿನ ಪಂಪು, ಉದ್ದನೆಯವು'. ಅಂಥ ಇಪ್ಪತ್ತು ಬಟ್ಟಲು. ನವರಾತ್ರಿಯ ಎಂಟನೆಯ ದಿನ ಬೆಳಿಗ್ಗೆ ಪಕ್ಕದ ಮನೆಯವರ ಕೈಯೂ ಸೇರಿ, ಹೊಸ ಎಂಜಿನ್ನು ಸರಪಳಿಯಿಂದ ಇಳಿದು ತನ್ನ ಜಾಗದಲ್ಲಿ ಕುಳಿತಿತು. ಇನ್ನು ಬೋಲ್ಟು ಹಾಕಿ ಬಿಗಿಯುವುದಷ್ಟೇ ಬಾಕಿ.

ಮರುದಿನ ಖಂಡೇ ಪೂಜೆ. ನಮ್ಮ ಕಡೆ ಮಹಾನವಮಿಯ ಆ ದಿನ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಕೂಡಿಸುತ್ತಾರೆ. ಮರುದಿನ ಪೂಜೆ ಇಳಿಸುವವರೆಗೆ ಒಂದು ಮೊಳೆಯನ್ನೂ ಯಾರೂ ಮುಟ್ಟುವುದಿಲ್ಲ. ನಾನು ಕಾಲೇಜಿನ ಲೇತ್ ಯಂತ್ರಗಳ ಪೂಜೆ ಮುಗಿಸಿ, ಚುರುಮುರಿಯ ಪೊಟ್ಟಣ ಹಿಡಿದು ಮಧ್ಯಾಹ್ನ ಮನೆಗೆ ಬಂದೆ.

ಪಡಸಾಲೆಯ ನಡುವೆ ಪರಾತ ಇತ್ತು. ಅದರೊಳಗೆ, ಹುಣಸೆಹುಳಿ ಹಚ್ಚಿ ತಿಕ್ಕಿ ತೊಳೆದು ಥಳಥಳ ಹೊಳೆಯುತ್ತಿದ್ದ ನನ್ನ ಬೋಲ್ಟುಗಳು, ನಟ್ಟುಗಳು, ವಾಶರುಗಳು, ಎಲ್ಲವೂ ಒಂದೇ ರಾಶಿಯಾಗಿ, ವಿಭೂತಿಯ ಮೂರು ಗೆರೆ ಹೊತ್ತು, ಸುತ್ತ ಚೆಂಡುಹೂವಿನ ಮಾಲೆ ತೊಟ್ಟು ಕುಳಿತಿದ್ದವು.

"ಗಿರಿಜಾ, ಬಟ್ಟಲಾ?"

"ನಾಳೆ ಮಂದಿ ಬರ್ತಾರಲ್ರೀ, ಪಾಯಸಕ್ಕ ಬಟ್ಟಲಾ ಬೇಕಲ್ಲ. ಮತ್ತ ಅಷ್ಟು ಜಿಡ್ಡ ಹಿಡದ ಸಾಮಾನ ಹಬ್ಬದ ದಿನ ಹಂಗ ಬಿಡಾಕ ಬರ್ತೈತೇನು? ಮುಂಜಾನಿಂದ ತಿಕ್ಕೇನಿ." ಅವಳ ಮುಖದಲ್ಲಿ ಹೆಮ್ಮೆ ಇತ್ತು. "ನಿಮ್ಮ ಚೀಟಿ ಒಂದೂ ಒಗದಿಲ್ಲ ಮತ್ತ" ಎಂದು ಇಪ್ಪತ್ತೂ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ನನ್ನ ಕೈಗೆ ಕೊಟ್ಟಳು.

ಸಿಟ್ಟು ಬರಬೇಕಿತ್ತು. ಬಂತು ಕೂಡ, ಗಂಟಲಿನವರೆಗೆ. ಆದರೆ ಅಷ್ಟು ಚಂದದ ರಾಶಿಯ ಮುಂದೆ ಯಾರು ಸಿಟ್ಟಾದಾರು? ಇಡೀ ಮುಂಜಾನೆ ಅವಳು ನನ್ನ ಹುಚ್ಚನ್ನು ದೇವರೆಂದು ತಿಳಿದು ಸ್ನಾನ ಮಾಡಿಸಿದ್ದಳು. ಉದ್ದನೆಯ ಬೋಲ್ಟು ಗಿಡ್ಡ ತೂತಿಗೆ ಹೋದರೆ ಎಂಜಿನ್ನಿನ ಮೈ ಸೀಳುತ್ತದೆಂಬುದು ನನಗೆ ಗೊತ್ತು. ಯಾವುದು ಎಲ್ಲಿಯದೆಂಬುದು ಗೊತ್ತಿಲ್ಲ. ಅಕ್ಕನ ಗೇಟು ಕಣ್ಣ ಮುಂದೆ ಬಂತು. ನಾನು ಅಷ್ಟು ದಿನ ತಡೆದಿಟ್ಟ ಫೋನನ್ನು ಮಿಸ್ತ್ರಿಗೆ ಮಾಡಿಯೇಬಿಟ್ಟೆ.

ಹುಸೇನ್‌ಸಾಬ್ ಪೂರ್ತಿ ಕೇಳಿಸಿಕೊಂಡರು. "ಇವತ್ತ ಹತ್ಯಾರ ಮುಟ್ಟಂಗಿಲ್ಲ, ನಮ್ಮ ಗ್ಯಾರೇಜಿನಾಗೂ ಪೂಜಿ ಐತಿ. ನಾಳೆ ಮುಂಜಾನೆ ಪೂಜಿ ಇಳಿಸಿ ಇಡ್ರಿ, ಬರ್ತೀನಿ" ಎಂದರು.

ದಸರೆಯ ಬೆಳಿಗ್ಗೆ ಬಂದವರು ಪರಾತದ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು. ಒಂದು ಬೋಲ್ಟು ಎತ್ತಿ ಬೆಳಕಿಗೆ ಹಿಡಿದು, "ಜಿಡ್ಡು, ಮಸಿ ನೋಡಿ ಇದು ಎಲ್ಲಿದು ಅಂತ ಓದ್ತೀವ್ರಿ ನಾವು. ನಿಮ್ಮ ಮನಿಯವ್ರು ಅಕ್ಷರಾನ ತೊಳದಾರ" ಎಂದು ಮೊದಲ ಸಲ ನಕ್ಕರು. ಗಿರಿಜಾ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅವರ ಬೆರಳುಗಳು ಓದತೊಡಗಿದವು. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ, ಮಾತಾಡುತ್ತ, ಚಹಾ ಕುಡಿಯುತ್ತ, ಒಂದೊಂದನ್ನು ಹೆಬ್ಬೆರಳಿನಿಂದ ಅಳೆದು ನೆಲದ ಮೇಲೆ ಸಾಲಾಗಿ ಇಟ್ಟರು. ನನ್ನ ಇಪ್ಪತ್ತು ಚೀಟಿಗಳು ಅವುಗಳ ಮುಂದೆ ಮತ್ತೆ ಬಂದು ಕುಳಿತವು. ಎದ್ದು ನಿಂತು ಅವರು ತಾವೇ ಬೋಲ್ಟು ಬಿಗಿಯುವ ಪಾನಾ ಹಿಡಿಯುವರೆಂದುಕೊಂಡೆ. ಹಿಡಿಯಲಿಲ್ಲ. ಹಿತ್ತಲಿಗೆ ಬಂದು, ಕಾರಿನ ಪಕ್ಕ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತು, "ನೀವ ಬಿಗೀರಿ ಮಾಸ್ತರ್ರ. ಶುರು ನೀವ ಮಾಡೀರಿ. ತಪ್ಪಿದ್ರ ನಾ ಅದೀನಿ" ಎಂದರು.

ಆ ಒಂದು ಮಾತಿನಿಂದ ನನಗಾದ ಹಗುರ ಇಂದಿಗೂ ಹೋಗಿಲ್ಲ. ಮಾಡುವುದೋ ಮಾಡಿಸುವುದೋ ಎಂದು ಎರಡು ದಿನ ತಲೆ ಕೆಡಿಸಿಕೊಂಡಿದ್ದ ನನಗೆ, ಬಲ್ಲವನೊಬ್ಬ ಪಕ್ಕದಲ್ಲಿ ಕುಳಿತಿರುವಾಗ ಮಾಡುವುದು ಎಂಬುದೊಂದಿದೆಯೆಂದು ಹೊಳೆದೇ ಇರಲಿಲ್ಲ. ವಿಚಿತ್ರವೆಂದರೆ ಕ್ಲಾಸಿನಲ್ಲಿ ನಾನು ಮಾಡಬೇಕಾಗಿದ್ದ ಕೆಲಸವೇ ಅದು, ನಾನು ಮಾತ್ರ ಬಕೆಟ್ಟಿನ ಮೇಲೆ ಕೂಡುವ ಬದಲು ಬೋರ್ಡಿನ ಮುಂದೆ ನಿಂತುಬಿಟ್ಟಿದ್ದೆ.

ಮೂರು ಗಂಟೆಗೆ ಎಂಜಿನ್ನು ಕೆಮ್ಮಿ, ಸೀನಿ, ಮಾತಾಡಿತು. ನಾನು ಮಿಸ್ತ್ರಿಯನ್ನು ಅಪ್ಪಿಕೊಂಡೆ, ಅವರ ಬಿಳಿ ಅಂಗಿಗೆ ನನ್ನ ಎರಡೂ ಕೈಗಳ ಗುರುತು ಮೂಡಿತು. ಆಮೇಲೆ ಪರಾತದ ಕಡೆ ನೋಡಿದೆ. ಒಂದು ಚೆಂಡುಹೂವಿನ ಕೆಳಗೆ ಸಣ್ಣದೊಂದು ತಿರುಪು ಉಳಿದಿತ್ತು.

"ಅದು ಗಾಡೀದಲ್ಲರಿ, ಬಿಡ್ರಿ" ಎಂದರು ಮಿಸ್ತ್ರಿ. ಹಬ್ಬದ ಊಟ ಮಾಡಿ, ಬನ್ನಿ ಎಲೆ ಕೊಟ್ಟು ತೆಗೆದುಕೊಂಡು, ಅವರು ಹೋದರು. ನಾನು ಬಿಡಲಾರದೆ ಅದನ್ನು ಕಿಸೆಗೆ ಹಾಕಿಕೊಂಡೆ. ಮಚ್ಛೆ ದಾಟಿ, ದೇಸೂರು ದಾಟಿ ಖಾನಾಪುರದವರೆಗೆ ಪ್ರತಿ ತಗ್ಗಿಗೂ ಅದು ತೊಡೆಗೆ ಚುಚ್ಚುತ್ತ, ಎಂಜಿನ್ನಿನ ಯಾವ ಮೂಲೆ ಈಗ ಕಳಚೀತೋ ಎಂದು ನನ್ನ ಜೀವ ಹಿಂಡಿತು. ಮೂರು ಸಲ ಗಾಡಿ ನಿಲ್ಲಿಸಿ ನೀರು ನೋಡಿದೆ. ಗಿರಿಜಾ ಬನ್ನಿಯ ಟೊಂಗೆ ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತ ಕುಳಿತಿದ್ದಳು, ಅವಳಿಗೆ ಯಾವ ಚಿಂತೆಯೂ ಇದ್ದಂತಿರಲಿಲ್ಲ.

ಅಕ್ಕ ಗೇಟಿನಲ್ಲಿದ್ದಳು. ಬಾನೆಟ್ಟಿನ ಮೇಲೆ ಕೈಯಿಟ್ಟಳು, ಎಂಜಿನ್ನು ಇನ್ನೂ ನಡೆದಿತ್ತು. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ಸುದ್ದಿ ಹೇಳುತ್ತಿದ್ದ ಕೈ ಅದು.

"ಇದರ ಎದಿ ಬಡಿತ ಬ್ಯಾರೆ ಐತೆಲ್ಲೋ ತಮ್ಮಾ."

ನಾನು ಎಲ್ಲ ಹೇಳಿದೆ. ಕಾಕತಿಯ ಊಟ, ಕೆಟ್ಟ ಮುಳ್ಳು, ಒಣಗಿದ ರೇಡಿಯೇಟರು. "ನೀ ಹೇಳಿದ್ದು ಒಂದ ಮಾತು ಅಕ್ಕಾ, ಅದೂ ನನ್ನ ಕಡಿಂದ ಆಗ್ಲಿಲ್ಲ" ಎಂದೆ.

ಅಕ್ಕ ಗೇಟು ಹಿಡಿದುಕೊಂಡು ನಗತೊಡಗಿದಳು. "ನೀರ ನೋಡು ಅಂತ ಸುಮ್ಮ ಹೇಳಿದ್ನೇನೋ? ಜಾಂಬೋಟಿ ಏರಿನ್ಯಾಗ ನಾನೂ ಒಂದ ಸುಟ್ಟೇನಿ. ಹೆರಿಗಿ ಅವಸರದಾಗ ಮುಳ್ಳಿನ ಕಡೆ ನೋಡ್ಲೇ ಇಲ್ಲ. ಅಪ್ಪ ಬೈತಾನಂತ ಯಾರಿಗೂ ಹೇಳ್ದ ಬದಲಿ ಮಾಡಿಸಿದ್ದೆ. ಇದು ಮೂರನೇದು."

ನಾನು ಒಂದೂವರೆ ತಿಂಗಳು ಯಾವ ಎಂಜಿನ್ನಿಗಾಗಿ ತಪ್ಪಿತಸ್ಥನಂತೆ ತಲೆ ತಗ್ಗಿಸಿದ್ದೆನೋ ಅದು ಅಕ್ಕನ ತಪ್ಪಿನ ಮೇಲೆ ಕುಳಿತ ಎಂಜಿನ್ನಾಗಿತ್ತು. ನಾವಿಬ್ಬರೂ ಕಣ್ಣೀರು ಬರುವಂತೆ ನಕ್ಕೆವು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಎಲೆ ಕೊಟ್ಟು ಕಾಲಿಗೆ ಬಿದ್ದಾಗ, ಕಿಸೆಯಿಂದ ತಿರುಪು ಟಣ್ಣೆಂದು ಅವಳ ಪಾದದ ಬಳಿ ಬಿತ್ತು.

"ಇದೊಂದು ಉಳದೈತಿ ಅಕ್ಕಾ, ಯಾವುದರದೋ ತಿಳೀವಲ್ದು" ಎಂದೆ.

"ಅದು ನನ್ನ ಹೊಲಿಗಿ ಮಿಷನ್ನಿಂದು" ಎಂದಳು ಗಿರಿಜಾ, ಬಲು ಶಾಂತವಾಗಿ. "ನಾನ ಮಾಡ್ತೀನಿ, ರಿಪೇರಿಯವನ್ನ ಕರೀಬ್ಯಾಡ ಅಂದು ನೀವು ಒಂದ ವರ್ಷ ಹಂಗ ದೂಡಿದ್ರಿ. ಮಿಷನ್ನಂತೂ ಗವಸಣಿಗಿ ಹೊಚ್ಚಿ ಮೂಲಿ ಸೇರೇತಿ. ಅದರಿಂದ ಕಳಚಿ ಬಿದ್ದ ಇದೊಂದಕ್ಕರೆ ಪೂಜಿ ಆಗ್ಲಿ ಅಂತ ಪರಾತದಾಗ ಇಟ್ಟೆ."

ದಾರಿಯುದ್ದಕ್ಕೂ ಅವಳಿಗೆ ಗೊತ್ತಿತ್ತು. ಚುಚ್ಚಲಿ ಎಂದೇ ಸುಮ್ಮನಿದ್ದಳು.

ಮರುದಿನ ಬೆಳಿಗ್ಗೆ ನಾನು ಮಿಷನ್ನಿನ ಗವಸಣಿಗೆ ತೆಗೆದು, ಧೂಳು ಒರೆಸಿ, ಅವಳನ್ನು ಕರೆದೆ. ನಾನೇ ಮಾಡಲೋ, ಯಾರನ್ನಾದರೂ ಕರೆಸಲೋ ಎಂದು ಕೇಳಿದೆ; ಅಷ್ಟು ವಿನಯದಿಂದ ಅವಳನ್ನು ನಾನು ಏನನ್ನೂ ಕೇಳಿದವನಲ್ಲ.

"ಎರಡೂ ಬ್ಯಾಡ. ಪರಾತ ತಂದು ಇಡ್ರಿ, ಬಾಜೂಕ ಕುಂದರ್ರಿ. ನಾ ಬಿಚ್ಚತೀನಿ."

ಬಕೆಟ್ಟು ಬೋರಲು ಹಾಕಿ ಕುಳಿತೆ. ಅವಳು ಬಿಚ್ಚಿದ್ದನ್ನೆಲ್ಲ ಪರಾತದಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತ ಹೋದಳು, ಚೀಟಿ ಒಂದೂ ಬೇಕಾಗಲಿಲ್ಲ. ಕೇಳಿದಾಗ ಮಾತ್ರ ನಾನು ಬಾಯಿ ಬಿಟ್ಟೆ. ಎರಡೇ ಸಲ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಮಿಷನ್ನು ಓಡಿತು, ಮೊದಲ ಹೊಲಿಗೆ ಬಿದ್ದದ್ದು ನನ್ನ ಹರಿದ ಕೆಲಸದ ಅಂಗಿಗೆ. ಕಣಕ ನಾದಬೇಕೆಂದು ಅವಳು ಪರಾತ ಕೇಳಿದಾಗ ಎತ್ತಿಕೊಟ್ಟೆ. ಈ ಸಲ ಅದರಲ್ಲಿ ಏನೂ ಉಳಿದಿರಲಿಲ್ಲ.