ಹದಿನೇಳನೇ ಹಾಳೆಯ ಕೆಳಗೆ ನಿಂತವರು

ಬೆಳಗಿನ ಆರು ಗಂಟೆ. ಯಲ್ಲಾಪುರದಿಂದ ಹದಿನೆಂಟು ಕಿಲೋಮೀಟರ್ ಒಳಗಿರುವ ಕಂಚಿಬೇಣದ ಬಯಲಿನಿಂದ ಮಂಜು ಇನ್ನೂ ಎದ್ದಿಲ್ಲ. ನಲವತ್ತು ಮೀಟರ್ ಅಗಲದ ತಂತಿಬಲೆಯ ಬೋಗುಣಿಯೊಂದು ಕಬ್ಬಿಣದ ಕಾಲುಗಳ ಮೇಲೆ ಅಂಗಾತ ಮಲಗಿದೆ. ಅದರ ಅಂಚಿನಡಿ ಬಗ್ಗಿ ನುಸುಳುವ ತಿಮ್ಮಿ ನಾಯ್ಕ ಕೈಗವಸು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ತೋರುಬೆರಳಿನಿಂದ ಒಂದು ತಂತಿ ಮೀಟಿ ಕಿವಿಗೊಡುತ್ತಾರೆ. ಆಮೇಲೆ ಪಕ್ಕದ್ದು. ನಾಲ್ಕನೆಯದರ ದನಿ ಅವರಿಗೆ ಯಾಕೋ ಹಿಡಿಸುವುದಿಲ್ಲ. ಜೋಡಣೆಯ ಮೇಲೆ ಹೆಬ್ಬೆರಳು ಆಡಿಸಿ, ಕೆಂಪು ಬಣ್ಣದಿಂದ ಗುರುತು ಹಾಕುತ್ತಾರೆ.

“ಬಿಸಿಲು ಏರಿದ್ಮೇಲೆ ತಂತಿ ಸುಳ್ಳು ಹೇಳ್ತದೆ. ಥಂಡಿ ಇರುವಾಗ್ಲೇ ನೋಡ್ಬೇಕು” ಎನ್ನುತ್ತಾರೆ, ನನ್ನತ್ತ ತಿರುಗದೆ.

ಆರು ದೇಶಗಳು ಸೇರಿ ಇಲ್ಲಿ ಕಟ್ಟುತ್ತಿರುವುದು ಬೃಹತ್ ರೇಡಿಯೊ ದೂರದರ್ಶಕ. ಇಂಥ ಹನ್ನೆರಡು ಬೋಗುಣಿಗಳು ಒಟ್ಟಿಗೆ ಮುಖವೆತ್ತಿ, ಕೋಟ್ಯಂತರ ವರ್ಷಗಳ ಹಿಂದೆ ಹೊರಟ ರೇಡಿಯೊ ಅಲೆಗಳನ್ನು ಹಿಡಿಯಬೇಕು. ಸುತ್ತಲಿನ ಗುಡ್ಡಗಳು ಊರುಗಳ ರೇಡಿಯೊ ಗದ್ದಲವನ್ನು ತಡೆಯುತ್ತವೆಂದು ಈ ಬಯಲನ್ನು ಆರಿಸಿದ್ದಾರೆ. ಒಂಬತ್ತು ಬೋಗುಣಿಗಳು ಗೋಪುರವೇರಿವೆ. ಇದು ಹತ್ತನೆಯದು. ಕೆಲಸಗಾರರ ಬಾಯಲ್ಲಿ ಇದಕ್ಕೆ ‘ಹೆಡಿಗೆ’ ಎಂದು ಹೆಸರು; ಗೊಬ್ಬರ ಹೊರುವ ಬಿದಿರ ಬುಟ್ಟಿಯ ಹೆಸರೇ.

ಗಾಳಿ ತೂರಿಹೋಗಲೆಂದು ಹೆಡಿಗೆಯನ್ನು ತಗಡಿನಿಂದ ಮಾಡದೆ ತಂತಿಯ ಬಲೆಯಿಂದ ಮಾಡುತ್ತಾರೆ. ಒಂದು ಹೆಡಿಗೆಗೆ ಅರವತ್ತನಾಲ್ಕು ಬಲೆಯ ಹಾಳೆ, ಪ್ರತಿ ಹಾಳೆಯಲ್ಲಿ ಸುಮಾರು ಆರುನೂರು ಜೋಡಣೆ. ಎರಡು ತಂತಿ ಸೇರುವಲ್ಲಿ ಪುಟ್ಟ ಲೋಹದ ಕೊಳವೆ ತೊಡಿಸಿ ಇಕ್ಕಳದಿಂದ ಬಿಗಿಯಾಗಿ ಒತ್ತಬೇಕು. ಎಂಟು ಹೆಂಗಸರ ಗುಂಪಿನಲ್ಲಿ ಒಬ್ಬೊಬ್ಬರು ದಿನಕ್ಕೆ ತೊಂಬತ್ತು ಜೋಡಣೆ ಮುಗಿಸುತ್ತಾರೆ.

ನಲವತ್ತಮೂರರ ತಿಮ್ಮಿಯವರದು ಸಿದ್ದಾಪುರ ತಾಲೂಕು. ಗಂಡ ಬೀರನ ಜೊತೆ ಹನ್ನೆರಡು ವರ್ಷ ರಸ್ತೆ ಕೆಲಸ ಮಾಡಿದವರು. ಟಾರು ಎಲ್ಲಿಗೆ ಹೋಯಿತೋ ಅಲ್ಲಿಗೆ ಬಿಡಾರ. ತೊಂಬತ್ತೇಳರಲ್ಲಿ ಇಲ್ಲಿ ಗುಂಡಿ ತೋಡಲು ಬಂದರು. ಮಳೆಗಾಲದಲ್ಲಿ ಮೀನಿಗೆ ಒಡ್ಡುವ ಬಿದಿರಿನ ಕೂಣಿ ಹೆಣೆದು ಪಳಗಿದ ಕೈ ಅವರದು. ಯಾರೋ ಅದನ್ನು ಗಮನಿಸಿ ತಂತಿ ಕೆಲಸಕ್ಕೆ ಹಚ್ಚಿದರು.

ತಿಮ್ಮಿಯವರ ಬಗ್ಗೆ ಬರೆಯಲು ನಾನು ಬಂದದ್ದು ಕೈಚಳಕ ನೋಡಿ ಅಲ್ಲ. ೧೯೯೯ರ ಜನವರಿಯ ಒಂದು ಮುಂಜಾನೆಗಾಗಿ.

ಅಂದು ಮೊದಲ ಹೆಡಿಗೆ ಗೋಪುರವೇರಬೇಕಿತ್ತು. ಆರೂ ದೇಶಗಳ ವಿಜ್ಞಾನಿಗಳು ಶಾಮಿಯಾನದಡಿ ಬಂದು ಕೂತಿದ್ದರು. ಹೆಡಿಗೆ ತೂಗಾಡದಂತೆ ಅಂಚಿನ ಹಗ್ಗಗಳನ್ನು ಹಿಡಿದು ಹನ್ನೆರಡು ಜನ ಸುತ್ತ ನಿಂತಿದ್ದರು. ಅವರಲ್ಲಿ ಬೀರನೂ ಒಬ್ಬ.

ತಿಮ್ಮಿ ಶೆಡ್ಡಿನಲ್ಲಿ ಕೂತು ತಮ್ಮ ಸಾಮಾನಿನ ಚೀಲ ಒರೆಸಿಡುತ್ತಿದ್ದರು. ತಳದಲ್ಲಿ ಎಣ್ಣೆಕಾಗದದ ಪೊಟ್ಟಣವೊಂದು ಸಿಕ್ಕಿತು. ಬಿಚ್ಚಿದರೆ ಇಕ್ಕಳದ ಬಾಯಿಗೆ ಹಾಕುವ ಹೊಸ ಅಚ್ಚು. ಕೊನೆಯ ವಾರ ಬಂದ ತಂತಿ ತುಸು ಸಪೂರ ಎಂದು, ಅದಕ್ಕೆ ಸರಿಯಾದ ಅಚ್ಚನ್ನು ಕೆಲಸದ ಕೊನೆಯ ದಿನ ಮಧ್ಯಾಹ್ನದ ಊಟಕ್ಕೆ ಮೊದಲು ಎಲ್ಲರಿಗೂ ಹಂಚಿದ್ದರು. ತಿಮ್ಮಿ ತಮ್ಮ ಪೊಟ್ಟಣವನ್ನು ಅಂದು ಬಿಚ್ಚಿಯೇ ಇರಲಿಲ್ಲ. ಅಂದರೆ ಊಟದ ಮೇಲೆ ಹದಿನೇಳನೇ ಹಾಳೆಯಲ್ಲಿ ಒತ್ತಿದ ನಲವತ್ತೆರಡು ಜೋಡಣೆಗಳೂ ಹಳೆಯ, ದೊಡ್ಡ ಅಚ್ಚಿನವು. ನೋಡಲು ಬಿಗಿ; ಎಳೆದರೆ ಜಾರಿ, ತಂತಿ ಕೆಳಗಿದ್ದವರ ಮೇಲೆ ಸಿಡಿಯಬಹುದು.

“ನೆವ ಹೇಳದಿಲ್ಲ. ಮರ್ತೆ, ಅಷ್ಟೇ.” ಎಂದು ನೆನೆಯುತ್ತಾರೆ ತಿಮ್ಮಿ.

ಪಕ್ಕದಲ್ಲಿದ್ದವರು ಮುಂಡಗೋಡ ಕಡೆಯ ಕಲ್ಲವ್ವ. ಪೊಟ್ಟಣ ನೋಡಿದ್ದೇ ಅವರಿಗೆ ಎಲ್ಲವೂ ಅರ್ಥವಾಯಿತು. ತಿಮ್ಮಿಯ ಮಣಿಕಟ್ಟು ಹಿಡಿದು, “ಬಾಯಿ ಮುಚ್ಚಿಕೊಂಡು ಕುಂದ್ರು. ಸಾವಿರಗಟ್ಲೆ ಜೋಡಣಿ ಅದಾವು, ನಲವತ್ತರಿಂದ ಏನಾಗತೈತಿ? ನೀ ಹೇಳಿದ್ರ ನಮ್ಮ ಎಂಟೂ ಮಂದೀನ ಹೊರಗ ಹಾಕ್ತಾರ” ಎಂದರು.

ಆ ಮಾತು ಸುಳ್ಳಾಗಿರಲಿಲ್ಲ. ಹೊರಗೆ ಕ್ರೇನಿನ ಸದ್ದು ಶುರುವಾಯಿತು.

ತಿಮ್ಮಿಗೆ ಮೊದಲು ಹೊಳೆದದ್ದು ಗಂಡನನ್ನು ಕರೆದುಬಿಡುವುದು. ಹೊಟ್ಟೆನೋವು ಎಂದು ಕೂಗಿದರೆ ಬೀರ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಟ್ಟು ಓಡಿಬರುತ್ತಿದ್ದ. “ಬಾಗಿಲ ತನಕ ಹೋದೆ, ಕರೆಯಕ್ಕೆ ಬಾಯೂ ತೆಗ್ದೆ. ಆ ಹಗ್ಗ ಈಸ್ಕಳವ್ರು ಯಾರು ಅಂತ ಬಂತು ನೋಡಿ ತಲೆಗೆ. ಅವ್ರಿಗೂ ಮನೇಲಿ ಒಬ್ಳು ಇರ್ತಾಳಲ್ಲ.”

ಗುತ್ತಿಗೆದಾರರ ಮೇಸ್ತ್ರಿ ಬಸಪ್ಪನ ಬಳಿಗೆ ಓಡಿದರು. ಅತಿಥಿಗಳೆಲ್ಲ ನೋಡುತ್ತಿರುವಾಗ ಕೆಲಸ ನಿಲ್ಲುವುದು ಆತನಿಗೆ ಬೇಕಿರಲಿಲ್ಲ. “ನಾಳೆ ಹೇಳು, ಈಗ ಪಕ್ಕಕ್ಕೆ ಸರಿ” ಎಂದು ಕೈ ಬೀಸಿದ. ಅಷ್ಟರಲ್ಲಿ ಹೆಡಿಗೆ ಕಾಲುಗಳನ್ನು ಬಿಟ್ಟು ಮೇಲೆದ್ದಿತ್ತು. ಮೊಣಕಾಲೆತ್ತರ, ಸೊಂಟದೆತ್ತರ. ಆಳೆತ್ತರ ದಾಟಿದಾಗ ತಿಮ್ಮಿ ಹಗ್ಗದವರ ನಡುವೆ ನುಗ್ಗಿ, ಹೆಡಿಗೆಯ ಅಡಿಗೆ ಹೋಗಿ, ಹದಿನೇಳನೇ ಹಾಳೆಯ ಕೆಳಗೆ ನಿಂತುಬಿಟ್ಟರು.

“ಏ ಹುಚ್ಚಿ, ಬಾರೇ ಈಚೆ!” ಬೀರ ಕೂಗಿದ. ಹಗ್ಗ ಬಿಡುವಂತಿರಲಿಲ್ಲ.

ಕ್ರೇನು ನಿಂತಿತು. ಹನ್ನೊಂದು ಟನ್ ಭಾರ ಅವರ ತಲೆಯ ಮೇಲೆ ಮೆಲ್ಲಗೆ ತೂಗುತ್ತಿತ್ತು. ಪಶ್ಚಿಮದಿಂದ ಗಾಳಿ ಏಳುವ ಹೊತ್ತಾಗಿತ್ತು.

ತಿಮ್ಮಿಯ ಬಳಿಗೆ ಬಂದವರು ಭೈರುಂಬೆಯ ಮಧುರಾ ಹೆಗಡೆ. ಆಗ ಇಪ್ಪತ್ತೊಂಬತ್ತರ ಎಂಜಿನಿಯರ್; ಪ್ರತಿ ಹಾಳೆಯನ್ನು ಪರೀಕ್ಷಿಸಿ ಸಹಿ ಹಾಕುವವರು.

“ಎಂತ ಆತು ತಿಮ್ಮಕ್ಕ?”

“ಇದ್ರಲ್ಲಿ ನಲವತ್ತೆರಡು ತಪ್ಪು ಅಚ್ಚಲ್ಲಿ ಒತ್ತಿದ್ದು, ಮೇಡಂ. ನಾನೇ ಒತ್ತಿದ್ದು. ಇಳಿಸಿ ಇದ್ನ.”

ಐವತ್ತು ಜೋಡಣೆಗೆ ಒಂದರಂತೆ ಆರಿಸಿ ಎಳೆದು ನೋಡುವ ಕ್ರಮ. ಹದಿನೇಳನೇ ಹಾಳೆಯಲ್ಲಿ ಆರಿಸಿದವೆಲ್ಲ ಬೇರೆಯವರು ಒತ್ತಿದವಾಗಿದ್ದವು. ಅದು ತೇರ್ಗಡೆಯಾಗಿತ್ತು, ಸಹಿ ಮಧುರಾ ಅವರದೇ ಆಗಿತ್ತು. ಇಳಿಸಿದರೆ ಆರು ದೇಶದವರ ಮುಂದೆ ತಪ್ಪು ಒಪ್ಪಿಕೊಂಡಂತೆ.

“ಒಂದು ಕ್ಷಣ, ಇವ್ರು ಸುಮ್ನಿದ್ದಿದ್ರೆ ಚೊಲೋ ಇತ್ತು ಅನ್ನಿಸ್ತು. ಮುಚ್ಚಿಡದಿಲ್ಲ ನಾನು” ಎಂದು ಮಧುರಾ ನನಗೆ ಹೇಳಿದರು. “ಅವ್ರ ಮುಖ ನೋಡ್ದೆ. ಅಷ್ಟು ಭಾರ ತಲೆ ಮೇಲೆ ತೂಗ್ತಿದ್ರೂ ಕಾಲು ಕದಲ್ತಿರ್ಲಿಲ್ಲ.”

ಮಧುರಾ ಕೆಂಪು ಬಾವುಟ ಎತ್ತಿ, ಇಳಿಸಲು ಹೇಳಿದರು. ತಿಮ್ಮಿ ಈಚೆ ಬಂದ ಮೇಲೆ ಹೆಡಿಗೆ ಇಂಚಿಂಚಾಗಿ ಇಳಿಯಿತು. ಕಾಲುಗಳ ಮೇಲೆ ಕೂರಲು ಮುಕ್ಕಾಲು ಗಂಟೆ ಹಿಡಿಯಿತು.

ಮಧ್ಯಾಹ್ನ ಎಳೆದು ನೋಡುವ ಯಂತ್ರ ತಂದರು. ಮೊದಲ ಜೋಡಣೆ ಜಾರಲಿಲ್ಲ. ಎರಡನೆಯದು, ಮೂರನೆಯದೂ ಗಟ್ಟಿ. ಬಸಪ್ಪ ತಿಮ್ಮಿಯನ್ನು ತಿನ್ನುವಂತೆ ನೋಡುತ್ತಿದ್ದ. ಎಂಟನೆಯದೂ ಗಟ್ಟಿ. ಎಲ್ಲವೂ ಗಟ್ಟಿಯಿದ್ದರೆ ತನ್ನ ಗತಿಯೇನೆಂದು ತಿಮ್ಮಿ ಕಣ್ಣುಮುಚ್ಚಿದರು. ಒಂಬತ್ತನೆಯದು ಅರ್ಧ ಭಾರಕ್ಕೇ ಸರಕ್ಕನೆ ಜಾರಿ ಕಳಚಿಕೊಂಡಿತು. ಒಟ್ಟು ಹದಿಮೂರು ಜಾರಿದವು. ಅವುಗಳಲ್ಲಿ ಏಳು ಒಂದರ ಪಕ್ಕ ಒಂದು ಇದ್ದವು. ಮೇಲೆ ಹೋದ ಮೇಲೆ ಅವು ಬಿಟ್ಟಿದ್ದರೆ, ಬಿಗಿದ ತಂತಿ ಸಿಡಿದು ಬರುತ್ತಿದ್ದುದು ಹಗ್ಗ ಹಿಡಿದವರ ಮೈಮೇಲೆ.

ಆದರೂ ಸಂಜೆ ಗುತ್ತಿಗೆದಾರರು ಎಂಟೂ ಹೆಂಗಸರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು. ಕಲ್ಲವ್ವ ಗಂಟು ಹೊತ್ತು ಹೋಗುವಾಗ ತಿಮ್ಮಿಯ ಮುಖ ನೋಡಲಿಲ್ಲ. “ಬೈದಿದ್ರೆ ತಡ್ಕಳ್ತಿದ್ದೆ. ಎಂತದೂ ಅನ್ನದೇ ಹೋದ್ಲು” ಎನ್ನುತ್ತಾರೆ ತಿಮ್ಮಿ.

ಮಧುರಾ ವರದಿ ಬರೆದರು. ತಪ್ಪಿನ ಪಟ್ಟಿಯಲ್ಲಿ ಮೊದಲ ಹೆಸರು ತಮ್ಮದೇ: ಅಚ್ಚು ಬದಲಾದಾಗ ಪ್ರತಿಯೊಬ್ಬರ ಇಕ್ಕಳ ನೋಡದೇ ಇದ್ದದ್ದು. ತಿಂಗಳೊಳಗೆ ಎಂಟೂ ಜನರಿಗೆ ಮತ್ತೆ ಕೆಲಸಕ್ಕೆ ಕರೆ ಬಂತು. ಮೊದಲ ಹೆಡಿಗೆ ಫೆಬ್ರುವರಿ ಕೊನೆಗೆ ಗೋಪುರವೇರಿತು. ಪ್ರತಿ ಜೋಡಣೆಯನ್ನೂ ಮುಟ್ಟಿ ನೋಡುವ ಹೊಸ ಕೆಲಸವನ್ನು ಸೃಷ್ಟಿಸಿ ತಿಮ್ಮಿಗೆ ಒಪ್ಪಿಸಿದರು. ಅಂದಿನಿಂದ ಒಂಬತ್ತು ಹೆಡಿಗೆಗಳು, ಮೂರೂವರೆ ಲಕ್ಷ ಜೋಡಣೆಗಳು ಅವರ ಬೆರಳಡಿ ಹಾದುಹೋಗಿವೆ. ಹೋದ ವರ್ಷದ ಬಿರುಗಾಳಿಯಲ್ಲೂ ಒಂದೂ ಜಾರಿಲ್ಲ.

ಆದರೆ ಕಲ್ಲವ್ವ ಎರಡು ವರ್ಷ ಅವರೊಡನೆ ಮಾತಾಡಲಿಲ್ಲ. ಒಂದೇ ಶೆಡ್ಡು, ಒಂದೇ ಹಂಡೆಯ ನೀರು, ಮಾತಿಲ್ಲ.

ಅದು ಮುರಿದದ್ದು ಆರನೇ ಹೆಡಿಗೆಯ ಕೆಲಸದಲ್ಲಿ. ಸಂಜೆ ಎಲ್ಲರೂ ಕೈತೊಳೆದು ಹೊರಟಿದ್ದರು. ಕಲ್ಲವ್ವ ದಾರಿಯಿಂದ ತಿರುಗಿ ಬಂದು ತಿಮ್ಮಿಯ ಎದುರು ನಿಂತರು.

“ತಿಮ್ಮೀ, ನಲವತ್ತನೇ ಹಾಳ್ಯಾಗ ಮೂಲಿ ಕಡೆ ಹತ್ತು ನಾ ಒತ್ತೀನಿ. ಕೈ ಸೋತಿತ್ತು, ಖಾತ್ರಿ ಇಲ್ಲ ನನಗ. ಒಮ್ಮಿ ನೋಡಿ ಹೇಳ.”

ಹತ್ತರಲ್ಲಿ ಸಡಿಲ ಏನಾದರೂ ಸಿಕ್ಕಿತೇ ಎಂದು ಕೇಳಿದೆ.

ತಿಮ್ಮಿ ಬಣ್ಣದ ಕುಂಚ ತೊಳೆಯುತ್ತ ನಕ್ಕರು. “ಎರಡು ಸಿಕ್ತು. ಇಬ್ರೂ ಕೂತು ಬಿಚ್ಚಿ ಮತ್ತೆ ಒತ್ತಿದ್ವು. ಮನೆಗೆ ಹೋಗ್ತಾ ದಾರಿ ತುಂಬ ಅವಳದ್ದೇ ಮಾತು. ನಂಗೆ ಬಾಯಿ ಹಾಕಕ್ಕೇ ಬಿಡ್ಲಿಲ್ಲ.”