ರವಿವಾರದ ಒಂದೇ ಊಟಕ್ಕೆ ಜಾಗ ಹುಡುಕುತ್ತ

ಶನಿವಾರ ಬೆಳಿಗ್ಗೆ ಧಾರವಾಡದಿಂದ ಹೊರಟ ರೈಲು ಲೋಂಡಾ, ಖಾನಾಪುರ ದಾಟಿ ಬೆಳಗಾವಿ ಮುಟ್ಟುವಾಗ ಜಿಟಿಜಿಟಿ ಮಳೆ ಹಿಡಿದಿತ್ತು. ನಿಲ್ದಾಣದ ಹೊರಗೆ ಪದ್ಮಾ ಕೊಡೆ ಹಿಡಿದು ನಿಂತಿದ್ದಳು. ವಿಶ್ವವಿದ್ಯಾಲಯದಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ಈಗ ಅವಳು ಇಲ್ಲಿಯೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತ ತಾಯಿಯ ಜೊತೆ ಇದ್ದಾಳೆ. ಅವಳು ನನ್ನನ್ನು ಕರೆಸಿಕೊಂಡ ಕೆಲಸ ಕೇಳುವುದಕ್ಕೆ ಹಗುರವಾಗಿತ್ತು. ಟಿಳಕವಾಡಿಯಲ್ಲಿ ಈಗ ನಾಷ್ಟಾಕ್ಕೂ ಊಟಕ್ಕೂ ನಡುವಿನ ಹೊತ್ತಿನಲ್ಲಿ 'ಬ್ರಂಚ್' ಕೊಡುವ ಹೋಟೆಲುಗಳು ಸಾಲಾಗಿ ಎದ್ದಿವೆ. ಅದರಲ್ಲೊಂದನ್ನು ಆರಿಸಿ, ಮರುದಿನ ಹನ್ನೊಂದಕ್ಕೆ ತಾಯಿಯನ್ನು ಕರೆದೊಯ್ಯಬೇಕು.

ಕೆಲಸ ಹಗುರದ್ದಲ್ಲ ಎಂದು ಆಟೋದಲ್ಲಿ ತಿಳಿಯಿತು. ಪದ್ಮಾಳ ತಾಯಿ ರತ್ನವ್ವ ಜೈನರು. ರವಿವಾರ ಏಕಾಶನ ಮಾಡುತ್ತಾರೆ. ಇಡೀ ದಿನಕ್ಕೆ ಒಂದೇ ಊಟ, ಅದೂ ಒಂದೇ ಕೂರುವಿಕೆಯಲ್ಲಿ. ಒಮ್ಮೆ ಎದ್ದರೆ ಊಟ ಮುಗಿಯಿತು, ಇನ್ನು ಸೋಮವಾರವೇ. ಊಟದ ನಡುವೆ ಬಡಿಸಲು ಏಳುವಂತಿಲ್ಲವಾದ್ದರಿಂದ ಅವರು ಮನೆಯವರಿಗೆಲ್ಲ ಬಡಿಸಿ, ಎಲ್ಲರೂ ಎದ್ದ ಮೇಲೆ ಒಬ್ಬರೇ ಕೂರುತ್ತಾರೆ. ಬೇರೆಯವರು ಬಡಿಸುತ್ತೇವೆಂದರೆ ಒಪ್ಪುವುದಿಲ್ಲ.

"ರವಿವಾರ ಅವ್ವನ ಬಾಜು ಕುಂತು ಉಂಡದ್ದು ನನಗ ನೆನಪಿಲ್ಲ" ಎಂದಳು ಪದ್ಮಾ. ಮೊನ್ನೆ ಜ್ವರದಿಂದ ಎದ್ದ ಮೇಲೆ ರತ್ನವ್ವ ಹೇಗೋ ಹೊರಗೆ ಬರಲು ಒಪ್ಪಿದ್ದರು. ಈ ಅವಕಾಶ ತಪ್ಪಿದರೆ ಮತ್ತೆ ಒಪ್ಪುತ್ತಾರೆಂಬ ನಂಬಿಕೆ ಅವಳಿಗಿರಲಿಲ್ಲ.

ಟಿಳಕವಾಡಿಯ ಮೊದಲ ಹೋಟೆಲಿನಲ್ಲಿ ಜೈನ ತಿಂಡಿಗಳಿಗೆಂದೇ ಮೆನುವಿನಲ್ಲಿ ಬೇರೆ ಪುಟವಿತ್ತು. ಸಂತೋಷಪಟ್ಟು ಕೂತೆವು. ತಂದಿಟ್ಟ ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿ ಘಮ್ಮೆನ್ನುತ್ತಿತ್ತು. ಎರಡನೆಯದರಲ್ಲಿ ಅಡುಗೆ ಚೆನ್ನಾಗಿತ್ತು, ಕಿಟಕಿಯಾಚೆ ಗುಲ್‌ಮೊಹರ್ ಗಿಡವಿತ್ತು. ಆದರೆ ರವಿವಾರ ಗದ್ದಲ ಹೆಚ್ಚಾದರೆ ಊಟದ ನಡುವೆ ಬೇರೆ ಟೇಬಲ್ಲಿಗೆ ಹೋಗಬೇಕಾದೀತು ಎಂದು ಮ್ಯಾನೇಜರ್ ನಗುತ್ತಲೇ ಹೇಳಿದ. ಪದ್ಮಾ ಅವನನ್ನು ಕೊಲೆಗಾರನನ್ನು ನೋಡಿದಂತೆ ನೋಡಿದಳು. ಮೂರನೆಯದರ ಬೆಲೆ ಓದಿ ನಾನೇ ಎದ್ದೆ. ವಡಗಾವಿಯ ಓಣಿಯಲ್ಲಿ, ಮಗ್ಗದ ಸದ್ದಿನ ನಡುವೆ ತಿಂದ ಮಿಸಳ್ ಆ ದಿನದ ಅತ್ಯುತ್ತಮ ತಿನಿಸು. ಅದರ ಮೇಲೆ ಹಿಡಿ ಈರುಳ್ಳಿ.

ಪರಿಹಾರ ಸಿಕ್ಕಿದ್ದು ಮನೆಗೆ ಬಿಟ್ಟ ಆಟೋದವರಿಂದ. ದಾರಿಯುದ್ದಕ್ಕೂ ನಮ್ಮ ಮಾತು ಕೇಳಿಸಿಕೊಂಡಿದ್ದ ಅವರು, ಖಾನಾಪುರದಲ್ಲಿ ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವ ಸುನಂದಾ ಎಂಬವರಿದ್ದಾರೆ, ಪಡಸಾಲೆಯಲ್ಲೇ ಮೂರು ಟೇಬಲ್ ಹಾಕಿದ್ದಾರೆ, ಹೇಳಿದ ಹಾಗೆ ಮಾಡಿಕೊಡುತ್ತಾರೆ ಎಂದು ನಂಬರ್ ಕೊಟ್ಟರು. ಪದ್ಮಾ ಫೋನಿನಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಎಲ್ಲ ಬಿಡಿಸಿ ಹೇಳಿದಳು: ಉಳ್ಳಾಗಡ್ಡಿ ಬೇಡ, ಬೆಳ್ಳುಳ್ಳಿ ಬೇಡ, ಬಟಾಟಿ, ಗಜ್ಜರಿ, ಬದನೆ ಬೇಡ, ನೀರು ಕಾಯಿಸಿ ಸೋಸಿದ್ದಿರಲಿ. ಆ ಕಡೆಯಿಂದ ಪ್ರತಿಯೊಂದಕ್ಕೂ "ಹಾಂ ತಾಯಿ" ಎಂಬ ಉತ್ತರ ಬಂದದ್ದು ನನಗೂ ಕೇಳಿಸಿತು.

ರವಿವಾರ ಪದ್ಮಾಳ ಕಾರಿನಲ್ಲಿ ಹೊರಟೆವು. ಮಚ್ಛೆಯ ಕಾರ್ಖಾನೆಗಳು ಮುಗಿದ ಮೇಲೆ ಎರಡೂ ಕಡೆ ಭತ್ತದ ಗದ್ದೆ, ದೂರದಲ್ಲಿ ಕಾಡು. ಸುನಂದಾ ವೈನಿಯ ಮನೆ ಮಲಪ್ರಭಾ ಸೇತುವೆಗೆ ಸಮೀಪದ ಓಣಿಯಲ್ಲಿತ್ತು. ಪಡಸಾಲೆ ಆಗಷ್ಟೇ ಸಾರಿಸಿ ಒರೆಸಿದ್ದು. ರತ್ನವ್ವ ಕುರ್ಚಿಯನ್ನು ಹಿಂದೆ ಮುಂದೆ ಸರಿಸಿ, ಸರಿಯಾಗಿ ಕೂತ ಮೇಲೆ ಕಣ್ಣು ಮುಚ್ಚಿದರು.

ಘಾವನ ಬಂತು, ಅಕ್ಕಿ ಹಿಟ್ಟಿನ, ಅರಿವೆಯಂತೆ ತೆಳುವಾದ ದೋಸೆ. ಜೊತೆಗೆ ಹೆಸರುಕಾಳಿನ ಉಸಳಿ, ಕಾಯಿ ಚಟ್ನಿ. ರತ್ನವ್ವ ನಿಧಾನ ಮುರಿದು ತಿಂದರು. ಪದ್ಮಾ ತನ್ನ ತಾಟು ಮರೆತು ಅವರನ್ನೇ ನೋಡುತ್ತಿದ್ದಳು.

"ನಿನ್ನ ಗೆಳತೀನ ನೋಡವಾ, ನನ್ನ ತಾಟಿಗೇ ಕಣ್ಣ ಹಾಕ್ಯಾಳ" ಎಂದರು ರತ್ನವ್ವ ನನಗೆ. "ಸಣ್ಣಾಕಿ ಇದ್ದಾಗೂ ಹಿಂಗ."

ಮುಂದಿನದನ್ನು ನಾನು ಸರಿಯಾಗಿ ನೆನೆಯುತ್ತಿದ್ದೇನೆಯೇ ಎಂಬ ಅನುಮಾನ ನನಗಿದೆ. ಅದು ಅಷ್ಟು ಬೇಗ ಆಯಿತು. ಒಂದು ಘಾವನವೂ ಮುಗಿದಿರಲಿಲ್ಲ. ಸುನಂದಾ ವೈನಿ ಹಿಂದಿನಿಂದ ಒಂದು ಸ್ಟೀಲಿನ ಗಿಂಡಿ ಹಿಡಿದು ಬಂದರು. "ನಮ್ಮ ಅಡವಿ ಜೇನ್ರೀ ಆಯಿ. ನಿಮಗಂತನ ತಗದಿಟ್ಟಿದ್ನಿ" ಎನ್ನುತ್ತಲೇ ರತ್ನವ್ವನ ತಾಟಿನ ತುಂಬ ಸುರಿದರು. ಘಾವನ, ಉಸಳಿ, ಚಟ್ನಿ ಎಲ್ಲದರ ಮೇಲೂ ಅದು ಹರಿಯಿತು.

ಪದ್ಮಾಳ ಮುಖದ ಬಣ್ಣ ಇಳಿಯಿತು. ನನಗೆ ಏನೂ ಅರ್ಥವಾಗಲಿಲ್ಲ. ರತ್ನವ್ವ ತಾಟನ್ನು ನೋಡಿದರು, ವೈನಿಯ ಮುಖ ನೋಡಿದರು. ಆಮೇಲೆ ಟೇಬಲ್ಲಿಗೆ ಕೈಯೂರಿ ಎದ್ದು ನಿಂತರು.

ಆ ಏಳುವಿಕೆಯ ಅರ್ಥ ಮಾತ್ರ ನನಗೆ ಗೊತ್ತಿತ್ತು.

"ಯಾಕ್ರೀ ಆಯಿ, ಕುಂದರ್ರಿ. ಇನ್ನೂ ಶಿರಾ ಬರೂದೈತಿ."

"ನಂದು ಇವತ್ತಿನ ಊಟ ಮುಗೀತವಾ" ಎಂದರು ರತ್ನವ್ವ. "ಘಾವನ ಭಾಳ ಮೆತ್ತಗ ಇದ್ದೂ. ಕೈಗಿಷ್ಟು ನೀರು ಕೊಡು." ವೈನಿಯ ಹೆಗಲ ಮೇಲೆ ಕೈಯಿಟ್ಟು, ಜೇನು ತಂದವರು ಯಾರು, ಮಕ್ಕಳೆಷ್ಟು ಎಂದು ಕೇಳುತ್ತ ಹಿತ್ತಲಿಗೆ ನಡೆದರು. ಹೋಗುವಾಗ ನನ್ನ ಕಡೆ ತಿರುಗಿ ಕಣ್ಣಿನಲ್ಲೇ ತಾಟು ತೋರಿಸಿದರು.

ಜೈನರು ಜೇನು ಮುಟ್ಟುವುದಿಲ್ಲ ಎಂದು ಪದ್ಮಾ ಪಿಸುಗುಟ್ಟಿದಳು. "ನಮ್ಮ ಮನ್ಯಾಗ ಜೇನು ಬರೂದ ಇಲ್ಲ. ಇಲ್ಲದ್ದು ಹ್ಯಾಂಗ ನೆನಪಾಗಬೇಕ ನನಗ?" ಇನ್ನೊಂದು ತಾಟು ಕೇಳಬಹುದಿತ್ತಲ್ಲ ಎಂದೆ. ಕೇಳಿದ್ದರೆ ತನ್ನಿಂದ ತಪ್ಪಾಯಿತೆಂದು ವೈನಿಗೆ ತಿಳಿಯುತ್ತಿತ್ತು ಎಂದಳು. ನಾನು ಆ ತಾಟನ್ನು ಎಳೆದುಕೊಂಡು ಖಾಲಿ ಮಾಡಿದೆ. ರುಚಿಯಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ. ಪದ್ಮಾ ತನ್ನದನ್ನು ಮುಟ್ಟದೆ ಎದ್ದಳು.

ಕಾರಿನಲ್ಲಿ ಅವಳ ಸಿಟ್ಟು ಒಡೆಯಿತು. "ಒಂದ ಮಾತು ಹೇಳಬಾರದಾಗಿತ್ತ ಅವ್ವಾ? ನಾಳಿ ತನಕ ಉಪಾಸ. ಮ್ಯಾಲ ಆಕಿ ಮುಂದ ಸುಳ್ಳು ಬ್ಯಾರೆ."

"ಸುಳ್ಳು ಎಲ್ಲಿ ಹೇಳೀನಿ? ಮೊದಲ ಎದ್ದೆ. ಎದ್ದ ಮ್ಯಾಲ ಊಟ ಮುಗೀತಲ್ಲ? ಆಮ್ಯಾಲ ಹೇಳೀನಿ."

ತಾಟಿಗೆ ಜೇನು ಬಿದ್ದು ಅವರು ಎದ್ದು ನಿಲ್ಲುವುದರೊಳಗೆ ಇಷ್ಟನ್ನೂ ಯೋಚಿಸಿದ್ದರೇ? ನಾನು ದಂಗಾಗಿ ಹಿಂದಿನ ಸೀಟಿನಲ್ಲಿ ಕೂತಿದ್ದೆ.

ನನಗೆ ಖಾನಾಪುರದಿಂದಲೇ ರೈಲು. ನಿಲ್ದಾಣದಲ್ಲಿ ಇಬ್ಬರೂ ಇಳಿದು ಬಂದರು. ರತ್ನವ್ವ ಹಣ್ಣಿನ ಅಂಗಡಿಯೊಂದರ ಮುಂದೆ ನಿಂತು, "ಬರೂ ರವಿವಾರನೂ ಇಲ್ಲೇ ಬರೂಣು. ಕುಂತಲ್ಲೇ ತಾಟ ಬರೂದು ಛಲೋ ಅನಿಸ್ತು" ಎಂದರು ಪದ್ಮಾಳಿಗೆ. "ಫೋನಿನ್ಯಾಗ ಮಾತ್ರ ನೀ ಮಾತಾಡಬ್ಯಾಡ. ನಾ ಮಾತಾಡತೀನಿ."

ರೈಲು ಹೊರಟಾಗ ಕಿಟಕಿಯಿಂದ ನೋಡಿದೆ. ಪದ್ಮಾ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಳು. ರತ್ನವ್ವ ಅವಳ ಮುಂದೆ ನಿಂತು ಬಾಳೆಹಣ್ಣು ಸುಲಿಯುತ್ತಿದ್ದರು. ಅವಳು ಬೇಡವೆಂದು ತಲೆಯಾಡಿಸಿದಳು, ಅವರು ಇನ್ನಷ್ಟು ಹತ್ತಿರ ಹಿಡಿದರು, ಅವಳು ಬಾಯಿ ತೆರೆದಳು.