ನಮ್ಮ ಮನೆಯ ಹಾವು ಹಿಡಿಸಿದ್ದು

ಹಾವು ಎಷ್ಟು ಉದ್ದವಿತ್ತು ಎಂದು ಮಾತ್ರ ನನ್ನನ್ನು ಕೇಳಬೇಡಿ. ಕೇಳಿದರೆ ನನ್ನ ಎರಡೂ ಕೈಗಳು ತಾವಾಗಿಯೇ ಅಗಲವಾಗುತ್ತವೆ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ತುಸು ಹೆಚ್ಚೇ ಅಗಲವಾಗುತ್ತವೆ. ಈ ದೋಷ ಕೈಗಳದ್ದೋ ನೆನಪಿನದ್ದೋ ನನಗೆ ತಿಳಿಯದು. ಆದ್ದರಿಂದ ಸದ್ಯಕ್ಕೆ ಹಾವು ಇತ್ತು ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಇತ್ತು ಎನ್ನುವುದನ್ನು ಎಪ್ಪತ್ತರ ದಶಕದ ವಿಜಯನಗರ ಬಡಾವಣೆಯಲ್ಲಿ ಯಾರೂ ಅನುಮಾನಿಸುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸೈಟಿಗೊಂದು ನಂಬರಿನ ಕಲ್ಲು, ಕಲ್ಲಿನ ಸುತ್ತ ಲಂಟಾನ, ಲಂಟಾನದಾಚೆ ಮೂಡಲಪಾಳ್ಯದ ರಾಗಿ ಹೊಲ. ಇಲ್ಲಿ ಲೇಔಟ್ ಆಗಿದೆ ಎಂಬ ಸುದ್ದಿಯನ್ನು ಹಾವುಗಳಿಗೆ ಯಾರೂ ತಿಳಿಸಿದಂತಿರಲಿಲ್ಲ. ಅವು ಹಳೆಯ ಬದುಗಳ ಮೇಲೆ ತಮ್ಮ ಪಾಡಿಗೆ ಓಡಾಡಿಕೊಂಡಿದ್ದವು. ಅಂಥದೊಂದು ಬದುವಿನ ಮೇಲೆ ನಾನು ಬಚ್ಚಲುಮನೆ ಕಟ್ಟಿಸಿದ್ದೆ.

ವೇದಾಂತಿಗಳು ಹಗ್ಗವನ್ನು ಹಾವೆಂದು ಭ್ರಮಿಸಿದವನ ಉದಾಹರಣೆ ಕೊಟ್ಟು ಜಗತ್ತು ಮಿಥ್ಯೆ ಎಂದು ಸಾಧಿಸುತ್ತಾರೆ. ನನ್ನ ಅನುಭವದಿಂದ ಅವರಿಗೆ ಯಾವ ಪ್ರಯೋಜನವೂ ಇಲ್ಲ, ಏಕೆಂದರೆ ನಾನು ಹಾವನ್ನು ಹಗ್ಗವೆಂದು ಭ್ರಮಿಸಿದೆ. ಹೆಂಡತಿ ಸರೋಜ ಚೊಚ್ಚಲ ಹೆರಿಗೆಗೆಂದು ರಾಜಾಜಿನಗರದ ತಾಯಿಮನೆಗೆ ಹೋಗಿದ್ದಳು. ಒಂದು ಬೆಳಿಗ್ಗೆ ಟವೆಲ್ ಹರವಲು ಹಿತ್ತಲಿಗೆ ಹೋದಾಗ ಒಗೆಯುವ ಕಲ್ಲಿನ ಪಕ್ಕದಲ್ಲಿ ಒಂದು ತುಂಡು ಹಗ್ಗ ಬಿದ್ದಿತ್ತು. ಗೇಟಿಗೆ ಕಟ್ಟಲು ಆದೀತೆಂದು ಬಗ್ಗಿದೆ. ಹಗ್ಗ ಎದ್ದು ಹೊರಟುಹೋಯಿತು. ಟವೆಲ್ಲನ್ನು ಅಲ್ಲೇ ಬಿಟ್ಟು ನಾನೂ ಹೊರಟೆ, ಇನ್ನೊಂದು ದಿಕ್ಕಿಗೆ.

ಬಸುರಿಯ ಗಂಡ ಹಾವನ್ನು ಹೊಡೆಯಬಾರದು ಎಂದು ನಮ್ಮಲ್ಲೊಂದು ಶಾಸ್ತ್ರವಿದೆ. ರಾಹುಕಾಲ, ಗ್ರಹಣ, ಒಂಟಿ ಸೀನು ಇವೆಲ್ಲವುಗಳ ವಿರುದ್ಧ ಆಫೀಸಿನ ಕ್ಯಾಂಟೀನಿನಲ್ಲಿ ಗಂಟೆಗಟ್ಟಲೆ ವಾದಿಸುತ್ತಿದ್ದ ನಾನು ಈ ಒಂದು ಶಾಸ್ತ್ರವನ್ನು ಕೂಡಲೇ, ಪೂರ್ಣ ಮನಸ್ಸಿನಿಂದ ನಂಬಿದೆ. ಪಕ್ಕದ ಮನೆಯ ಸುಬ್ಬರಾಯರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರಿಗೆ ಇದು ಸರಿಹೋಗಲಿಲ್ಲ.

"ನಿನ್ನ ವಿಚಾರವಾದ ಎಲ್ಲಿ ಹೋಯ್ತಯ್ಯಾ?" ಎಂದರು.

"ನೀವೇ ಹೊಡೀರಿ ಸಾರ್. ನಿಮ್ಮನೇಲಿ ಯಾರೂ ಬಸುರಿಯಿಲ್ಲವಲ್ಲ."

"ಛೆ, ನಾನು ಅಹಿಂಸಾವಾದಿ ಕಣಯ್ಯ."

ಅವರ ಬೆತ್ತದ ರುಚಿ ಕಂಡ ಶಿಷ್ಯರು ಈ ಊರಿನ ತುಂಬ ಇದ್ದಾರೆ. ಅವರ ಅಭಿಪ್ರಾಯ ಬೇರೆಯಿರಬಹುದು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಗಾದೆಗೆ ನಾವಿಬ್ಬರೂ ಸೇರಿ, ಕೋಲು ನಮ್ಮ ಕೈಯಲ್ಲಿ ಇರಲೂಬಾರದು ಎಂದು ಮೂರನೆಯ ಮಾತೊಂದನ್ನು ಸೇರಿಸಿದಂತಾಯಿತು. ಜಗತ್ತಿನ ಎಲ್ಲ ಕಸುಬುದಾರರೂ ಹುಟ್ಟಿದ್ದು ಈ ಮೂರನೆಯ ಮಾತಿನಿಂದಲೇ ಇರಬೇಕು.

ಮಗಳು ಹುಟ್ಟಿದಳು. ನನ್ನ ಶಾಸ್ತ್ರದ ಅವಧಿ ಮುಗಿಯಿತು, ಹಾವಿನದು ಮುಗಿಯಲಿಲ್ಲ. ದಿನಾ ಸಂಜೆ ಆಫೀಸು ಬಿಟ್ಟ ಮೇಲೆ ಸೈಕಲ್ಲಿನಲ್ಲಿ ರಾಜಾಜಿನಗರಕ್ಕೆ ಹೋಗುತ್ತಿದ್ದೆ. ಒಂಟಿ ಬಾಳಿನಲ್ಲಿ ಹೇಳಿಕೊಳ್ಳಲು ನನಗಿದ್ದದ್ದು ಅದೊಂದೇ ವಿಷಯ. ಅತ್ತೆಯ ಅಡಿಗೆಮನೆಯ ಬಾಗಿಲಲ್ಲಿ ಕೂತು, ಕಾಫಿ ಕುಡಿಯುತ್ತ, ಹಾವಿನ ಸುದ್ದಿ ಹೇಳುತ್ತಿದ್ದೆ. ಬರೀ ನೋಡಿದೆ ಎಂದರೆ ಯಾರು ಕೇಳುತ್ತಾರೆ? ಅದು ಸ್ವಲ್ಪ ಸ್ವಲ್ಪವೇ ದಪ್ಪಗಾಯಿತು, ಬುಸುಗುಟ್ಟಲು ಕಲಿಯಿತು. ಒಂದು ದಿನ ಅತ್ತೆ ಸಾರಿಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿ ತಿರುಗಿ ನೋಡಿದರು.

"ಬೆನ್ನ ಮೇಲೆ ಚಕ್ರ ಚಕ್ರ ಇತ್ತೇನ್ರೀ?"

ಇತ್ತು ಅನ್ಸುತ್ತೆ ಎಂದೆ. ಆ "ಅನ್ಸುತ್ತೆ" ಅವರ ಕಿವಿಗೆ ಬೀಳಲೇ ಇಲ್ಲ.

"ಹಾಗಾದ್ರೆ ಕೊಳಕುಮಂಡಲಾನೇ. ಕಚ್ಚಿದ್ರೆ ಮೈ ಕೊಳೆಯುತ್ತೆ. ಅದನ್ನ ಹಿಡಿಸಿ ನನ್ನ ಕಣ್ಣಿಗೆ ತೋರಿಸೋ ತನಕ ನನ್ನ ಮೊಮ್ಮಗಳು ಆ ಮನೆ ಹೊಸಲು ದಾಟಲ್ಲ."

ಬಾಣಂತನಕ್ಕೆ ಐದು ತಿಂಗಳು ತುಂಬಿತು, ಆರಕ್ಕೆ ಬಿತ್ತು. ಮಗಳು ಕತ್ತು ನಿಲ್ಲಿಸಿದಳು, ಮಗುಚಿಕೊಂಡಳು, ಎರಡೂ ನಾನಿಲ್ಲದಾಗ. ನಾನು ಎತ್ತಿಕೊಂಡರೆ ಅಳುತ್ತಿದ್ದಳು. ಹಾಲಿನವನನ್ನು ಕಂಡರೆ ನಗುತ್ತಿದ್ದಳು. ಒಂದು ಸಂಜೆ ಗೇಟಿನ ತನಕ ಬಂದ ಸರೋಜ, "ಅಮ್ಮ ಹೇಳಿದ್ಮೇಲೆ ಮುಗೀತು. ಏನಾದ್ರೂ ಮಾಡ್ರೀ, ನಂಗೂ ನಮ್ಮನೆ ನೆನಪಾಗ್ತಿದೆ" ಎಂದಳು. ಸೈಕಲ್ ತುಳಿಯುತ್ತ ಬಂದವನು ನಮ್ಮ ಬೀದಿಯ ಹಾಲಿನವನನ್ನು ಹಿಡಿದು, ಹಾವು ಹಿಡಿಯುವವರು ಯಾರಾದರೂ ಗೊತ್ತೇ ಎಂದು ಕೇಳಿದೆ. ಅವನು ಹೇರೋಹಳ್ಳಿಯ ಮುನಿಯಪ್ಪನ ಹೆಸರು ಹೇಳಿದ.

ಭಾನುವಾರ ಹಿಡಿಸುವುದೆಂದಾಯಿತು. ಹಿಡಿದ ಹಾವನ್ನು ನೋಡಲು ಮಧ್ಯಾಹ್ನದ ಹೊತ್ತಿಗೆ ಬರುತ್ತೇನೆಂದು ಅತ್ತೆ ಹೇಳಿಕಳಿಸಿದ್ದರು. ಮುನಿಯಪ್ಪ ಬೆಳಿಗ್ಗೆ ಎಂಟಕ್ಕೆಲ್ಲ ಬಂದ. ಜಡೆ, ರುದ್ರಾಕ್ಷಿ, ಕೆಂಗಣ್ಣುಗಳನ್ನು ನಿರೀಕ್ಷಿಸಿದ್ದ ನನಗೆ ಸ್ವಲ್ಪ ನಿರಾಸೆಯಾಯಿತು. ಖಾಕಿ ಚಡ್ಡಿ, ತಲೆಗೊಂದು ಟವೆಲ್ಲು, ಸೈಕಲ್ ಕ್ಯಾರಿಯರಿಗೆ ಕಟ್ಟಿದ ಬಿದಿರು ಬುಟ್ಟಿ. ಹೂಕೋಸು ಮಾರಲು ಬಂದವನಂತಿದ್ದ.

"ಪುಂಗಿ ಎಲ್ಲಪ್ಪಾ?" ಎಂದೆ.

"ಪುಂಗಿ ಜನಕ್ಕೆ ಸಾಮಿ. ಹಾವಿಗೆ ಕಿವಿ ಎಲ್ಲೈತೆ?"

ಬುಟ್ಟಿಯಲ್ಲಿ ಆಗಲೇ ಒಂದು ಹಾವಿತ್ತು. ಬರುವ ದಾರಿಯಲ್ಲಿ ಮೂಡಲಪಾಳ್ಯದ ಮನೆಯೊಂದರಲ್ಲಿ ಹಿಡಿದದ್ದಂತೆ. ನಮ್ಮದನ್ನೂ ಹಿಡಿದುಕೊಂಡು ಎರಡನ್ನೂ ಒಟ್ಟಿಗೆ ಜ್ಞಾನಭಾರತಿಯ ಆಚೆ ಪೊದೆಗೆ ಬಿಡುತ್ತೇನೆ ಎಂದ. ಇದನ್ನು ಕೇಳಿದ್ದೇ ಸುಬ್ಬರಾಯರು ಕಾಂಪೌಂಡಿನ ಮೇಲೆ ಬಾಗಿದರು. ಹಾವು ಹಿಡಿಯುವವರು ಹಾವನ್ನು ತಾವೇ ತಂದು, ಬಿಲದಿಂದ ತೆಗೆದಂತೆ ತೋರಿಸುತ್ತಾರೆ ಎನ್ನುವುದು ಅವರ ಗಟ್ಟಿ ನಂಬಿಕೆ. ಅವರು ಬಾಯಿ ತೆರೆಯುವ ಮೊದಲೇ ಮುನಿಯಪ್ಪ ತಲೆಯ ಟವೆಲ್ ಬಿಚ್ಚಿ ಕೊಡವಿದ, ಅಂಗಿ ಕಳಚಿ ಜಾಡಿಸಿದ, ಚಡ್ಡಿಯ ಜೇಬುಗಳನ್ನು ಹೊರಕ್ಕೆ ಎಳೆದು ತೋರಿಸಿದ. "ನೋಡ್ಕಳಿ. ಎಲ್ರ ಮನೇಲೂ ಮೊದ್ಲು ಇದೇ ಆಗಬೇಕು" ಎಂದ. ಅವನ ದನಿಯಲ್ಲಿ ಬೇಸರವಿರಲಿಲ್ಲ. ಅದು ನನಗೆ ಈಗ ಬೇಸರ ತರುತ್ತದೆ, ಆಗ ತರಲಿಲ್ಲ.

"ಪ್ರಯೋಗ ಶುದ್ಧವಾಗಿರ್ಬೇಕು ಕಣಯ್ಯ" ಎಂದು ಸುಬ್ಬರಾಯರು ಬುಟ್ಟಿಯನ್ನು ತಮ್ಮ ಜಗಲಿಯ ಮೇಲೆ ಇಡಿಸಿಕೊಂಡು, ಸುತ್ತಲೂ ಹುರಿಯಿಂದ ಬಿಗಿದು ಏಳು ಗಂಟು ಹಾಕಿದರು. ಆಮೇಲೆ ಒಂದು ಕುರ್ಚಿ ಹಾಕಿಕೊಂಡು ಗೌರವಯುತವಾದ ದೂರದಲ್ಲಿ ಕಾವಲು ಕೂತರು.

ಹಾವು ಹೇಗಿತ್ತು ಎಂದು ಮುನಿಯಪ್ಪ ಕೇಳಿದ. ಆಳುದ್ದ, ಚಕ್ರ ಚಕ್ರ ಎಂದೆ ನಾನು. ಮೊಳದುದ್ದ, ಕಪ್ಪು ಎಂದರು ಜಗಲಿಯಿಂದ, ಒಮ್ಮೆ ಕಾಂಪೌಂಡಿನ ಆಚೆಯಿಂದ ಅದನ್ನು ಕಂಡಿದ್ದ ಸುಬ್ಬರಾಯರು. ಅವನು ಇಬ್ಬರ ಮುಖವನ್ನೂ ನೋಡಿ, "ನೀವಿಬ್ರೂ ಯೋಳಿದ್ದನ್ನ ಹಿಡೀಬೇಕು ಅಂದ್ರೆ ಎರಡು ಹಾವು ಬೇಕಾಯ್ತದೆ" ಎಂದು ಹಿತ್ತಲಿಗೆ ಹೋದ.

ಕೆಲಸ ಬಲ್ಲವನು ಕೆಲಸ ಮಾಡುವುದನ್ನು ನೋಡುವುದು ಒಂದು ಸುಖ. ಅವನು ಯಾವುದನ್ನೂ ಬಡಿಯಲಿಲ್ಲ, ಅಗೆಯಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಧೂಳಿನ ಮೇಲೆ ಕಣ್ಣಿಟ್ಟು, ಮೊಳ ಮೊಳವಾಗಿ ಸರಿದ. ಬಚ್ಚಲುಮನೆ ಕಟ್ಟಿ ಉಳಿದಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಅದೇ ಜಾಗಕ್ಕೆ ಇಟ್ಟ. ಹತ್ತೂವರೆಯ ಸುಮಾರಿಗೆ ಒಗೆಯುವ ಕಲ್ಲಿನ ಬುಡದಿಂದ ಬೆಳ್ಳಗಿನ ಏನನ್ನೋ ಮೆಲ್ಲಗೆ, ಹರಿಯದಂತೆ, ಎಳೆದು ತೆಗೆದ. ಪೊರೆ.

"ಕೇರೆ ಸಾಮಿ. ಇಲಿ ತಿನ್ನಾಕೆ ಬಂದೈತೆ. ವಿಷ ಇಲ್ಲ, ಏನಿಲ್ಲ. ಈಗ ಇಲ್ಲಿಲ್ಲ, ಹೊಲದ ಕಡೆ ಹೋಗೈತೆ. ಬಂದ್ರೆ ಬರ್ಲಿ ಬಿಡಿ."

ಪೊರೆಯನ್ನು ನೆಲದ ಮೇಲೆ ಹರವಿದೆವು. ನನಗೆ ಹಿಗ್ಗೋ ಹಿಗ್ಗು. "ನೋಡಿದ್ಯಾ, ನಾನು ಹೇಳಿದಷ್ಟೇ ಉದ್ದ!" ಎಂದು ಕೂಗಿದೆ.

"ಪೊರೆ ಯಾವಾಗ್ಲೂ ಹಾವಿಗಿಂತ ಉದ್ದ ಸಾಮಿ" ಎಂದ ಮುನಿಯಪ್ಪ. "ಕಳಚ್ಕೊಳ್ಳೋವಾಗ ಎಳೀತದೆ."

ಆಗ ಅತ್ತೆಯ ನೆನಪಾಯಿತು. ಅವರು ನೋಡಲು ಬರುತ್ತಿರುವುದು ಹಾವನ್ನು. ನನ್ನ ಹತ್ತಿರ ಇದ್ದದ್ದು ಹಾವಿನ ಅಂಗಿ. ಈಗ ಮುಂದಿನ ಮಾತನ್ನು ಬರೆಯಬೇಕು. ಬುಟ್ಟಿಯಲ್ಲಿರುವ ಹಾವನ್ನೇ ಇಲ್ಲಿ ಸಿಕ್ಕಿದ್ದೆಂದು ತೋರಿಸಿಬಿಡೋಣ ಎಂದದ್ದು ಸುಬ್ಬರಾಯರು ಎಂದು ನನಗೆ ನೆನಪು. ಆದರೆ ನನ್ನ ನೆನಪಿನಲ್ಲಿ ನಾಚಿಕೆಗೇಡಿನ ಮಾತುಗಳೆಲ್ಲ ಪಕ್ಕದ ಮನೆಯವರ ಬಾಯಿಂದಲೇ ಬರುತ್ತವೆ. ಆದ್ದರಿಂದ ನಾನೇ ಹೇಳಿದೆ ಎಂದಿಟ್ಟುಕೊಳ್ಳುವುದು ಕ್ಷೇಮ.

ಮುನಿಯಪ್ಪ ನಗಲಿಲ್ಲ. "ಬೆಳಿಗ್ಗೆ ನನ್ನ ಚಡ್ಡಿ ಜೇಬು ನೋಡಿದ್ರಿ" ಎಂದಷ್ಟೇ ಹೇಳಿದ. ಆಮೇಲೆ ಬುಟ್ಟಿಯ ಕಡೆ ಕೈಮಾಡಿ, "ತೋರಿಸು ಅಂದ್ರೆ ತೋರಿಸ್ತೀನಿ. ಇಲ್ಲೇ ಹಿಡಿದೆ ಅಂತ ಬಾಯಲ್ಲಿ ಯೋಳಾಕಿಲ್ಲ. ಹಾವಿನ ಮೇಲೆ ಸುಳ್ಳು ಯೋಳಿದ್ರೆ ಕೈ ತಪ್ಪೋಯ್ತದೆ, ನಮ್ಮಪ್ಪ ಯೋಳ್ತಿದ್ದ. ಮುಂದಿನ ಹಾವು ನನ್ನನ್ನೇ ಹಿಡೀತದೆ" ಎಂದ.

ಶುದ್ಧ ಪ್ರಯೋಗದ ಸುಬ್ಬರಾಯರು ಒಪ್ಪಲಿಕ್ಕಿಲ್ಲವೆಂದು ನಾನು ಹೆದರಿದ್ದೆ. ಆದರೆ ಅವರು ಹೆಂಡತಿಯನ್ನು ಕಳೆದುಕೊಂಡವರು. ಸಂಜೆಯ ಕಾಫಿ ಸರೋಜಳ ಕೈಯಿಂದ ಬರುತ್ತಿದ್ದದ್ದು, ಎಂಟು ತಿಂಗಳಿಂದ ಬಂದಿರಲಿಲ್ಲ. "ಇದನ್ನ ಮೋಸ ಅನ್ನಬಾರದು ಕಣಯ್ಯ. ಡೆಮಾನ್‌ಸ್ಟ್ರೇಷನ್ ಅಂತಾರೆ. ಸ್ಕೂಲಲ್ಲಿ ಕಪ್ಪೇನ ನಾವು ಮೊದಲೇ ತಂದಿಟ್ಟಿರ್ತಿರಲಿಲ್ವಾ?" ಎಂದು ಹುರಿ ಬಿಚ್ಚಲು ಕೂತರು. ಏಳು ಗಂಟುಗಳಲ್ಲಿ ಐದು ಬಿಚ್ಚುವಷ್ಟರಲ್ಲಿ ಅತ್ತೆ ಟಿಫಿನ್ ಕ್ಯಾರಿಯರ್ ಹಿಡಿದು ಗೇಟು ತೆಗೆದರು. ಉಳಿದ ಎರಡನ್ನು ಹಲ್ಲಿನಿಂದ ಬಿಡಿಸಲಾಯಿತು.

ಬುಟ್ಟಿಯಲ್ಲಿರುವುದು ಯಾವ ಹಾವು ಎಂದು ಕೇಳುವುದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಮುನಿಯಪ್ಪ ಬುಟ್ಟಿಯನ್ನು ನಮ್ಮ ಹಿತ್ತಲಿಗೆ ತಂದಿಟ್ಟು ಮುಚ್ಚಳ ತೆಗೆದ. ನಾಗರಹಾವು ನಿಧಾನವಾಗಿ ಎದ್ದು, ಹೆಡೆ ಬಿಚ್ಚಿ, ಅತ್ತೆಯನ್ನೇ ನೋಡುತ್ತ ನಿಂತಿತು. ಅತ್ತೆ ಕ್ಯಾರಿಯರ್ ಕೆಳಗಿಟ್ಟರು. ಸೆರಗು ಹೊದ್ದು ಕೈಮುಗಿದರು. ಅವರ ಕಣ್ಣಲ್ಲಿ ನೀರಿತ್ತು.

"ಯಾವಾಗಪ್ಪಾ ಹಿಡಿದಿದ್ದು?"

"ಇವತ್ತು ಬೆಳಿಗ್ಗೆ, ತಾಯಿ."

ಅತ್ತೆ ನನ್ನ ಕಡೆ ತಿರುಗಿದರು. "ಏನ್ರೀ ಇದು? ನಾಗಪ್ಪನ್ನ ಕೊಳಕುಮಂಡಲ ಅಂದ್ರಲ್ರೀ! ನಮ್ಮನೆ ಕೂಸಿಗೆ ಕಾವಲಿದ್ದ ಸ್ವಾಮೀನ ಬುಟ್ಟಿಗೆ ಹಾಕ್ಸಿದೀರಲ್ಲಾ!" ಆಮೇಲೆ ಮುನಿಯಪ್ಪನಿಗೆ, "ಬಿಡಪ್ಪಾ. ಎಲ್ಲಿತ್ತೋ ಅಲ್ಲೇ ಬಿಟ್ಬಿಡು. ಆ ಒಗೆಯೋ ಕಲ್ಲಿನ ಹತ್ರಾನೇ ತಾನೆ? ಬಿಡು, ಹಾಲು ತರ್ತೀನಿ. ಬರೋ ಶುಕ್ರವಾರ ಮಗೂನ ಕರ್ಕೊಂಡು ಬಂದು ಇಲ್ಲೇ ತನಿ ಎರೀತೀವಿ."

ಹೆಂಡತಿ, ಮಗಳು ಮನೆಗೆ ಬರುವ ದಿನ ಕೊನೆಗೂ ಗೊತ್ತಾಗಿತ್ತು. ಅದಕ್ಕೆ ನಾನು ಮಾಡಬೇಕಾದದ್ದು ಇಷ್ಟೇ, ಇಲ್ಲದಿದ್ದ ನಾಗರಹಾವೊಂದನ್ನು ಹಿತ್ತಲಿಗೆ ಬಿಡಿಸಿಕೊಂಡು ಸುಮ್ಮನಿರುವುದು. ಸುಬ್ಬರಾಯರು ಆಕಾಶ ನೋಡುತ್ತಿದ್ದರು. ಮುನಿಯಪ್ಪ ಒಂದು ಕೈಯಲ್ಲಿ ಮುಚ್ಚಳ ಹಿಡಿದು, ನನ್ನನ್ನೇ ನೋಡುತ್ತಿದ್ದ. ನನಗೆ ಮಗಳ ಕೈ ಕಣ್ಣಿಗೆ ಕಟ್ಟಿತು. ಕಂಡದ್ದಕ್ಕೆಲ್ಲ ಚಾಚುವ ಕೈ.

"ಅತ್ತೇ, ಅದು ನಮ್ಮನೆ ಹಾವಲ್ಲ" ಎಂದೆ.

ಪೂರ್ತಿ ಹೇಳಿದೆ. ಹಗ್ಗದಿಂದ ಹಿಡಿದು ಚಕ್ರಗಳ ತನಕ. ಹೇಳುತ್ತ ಹೋದಂತೆ ಹಾವು ಕುಗ್ಗುತ್ತ ಬಂತು, ನಾನೂ. ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದರು. ಮುನಿಯಪ್ಪ ಬುಟ್ಟಿ ಮುಚ್ಚಿ ಪೊರೆಯನ್ನು ಅವರ ಮುಂದೆ ಹಿಡಿದ. ಅವರು ಅದನ್ನು ಬೆಳಕಿಗೆ ಎತ್ತಿ, ಸೀರೆಯ ಅಂಚು ನೋಡುವಂತೆ ನೋಡಿದರು.

"ಕೇರೆ ಅಲ್ವೇನಪ್ಪಾ?"

"ಊಂ ತಾಯಿ."

"ನಮ್ಮಜ್ಜಿ ಮನೇಲಿ ಅಟ್ಟದ ಮೇಲೇ ಇರ್ತಿತ್ತು. ನಾವು ಹಪ್ಪಳ ತೆಗೆಯೋಕೆ ಹತ್ತಿದ್ರೆ ಅದೇ ಆ ಕಡೆ ಸರ್ಕೊಳ್ಳೋದು." ನನ್ನನ್ನು ನೋಡಿ, "ಒಂದು ಕೇರೆಗೆ ಆರು ತಿಂಗಳು ಹೆಂಡ್ತೀನ ಬಿಟ್ಟು ಕೂತಿದ್ರಲ್ಲ, ಹೇಳೋದಲ್ವೇನ್ರೀ?" ಎಂದರು. ಏನನ್ನು ಹೇಳಬೇಕಾಗಿತ್ತು ಎಂದು ನಾನು ಕೇಳಲಿಲ್ಲ. ಅವರು ತಂದಿದ್ದ ಚಿತ್ರಾನ್ನವನ್ನು ನಾಲ್ವರೂ ತಿಂದೆವು. ಹೊರಡುವಾಗ ಮುನಿಯಪ್ಪ ಸುಬ್ಬರಾಯರ ಹುರಿಯನ್ನು ಮಡಿಸಿ ಅವರ ಕೈಗೇ ಕೊಟ್ಟ.

ಶುಕ್ರವಾರ ಸರೋಜ ಮಗುವಿನೊಂದಿಗೆ ಬಂದಳು. ಸಂಜೆ ಕಾಂಪೌಂಡಿನ ಮೇಲಿಂದ ಕಾಫಿ ಲೋಟ ಆಚೆ ಹೋಯಿತು. ಹದಿನೈದು ದಿನ ಮಗಳು ನನ್ನನ್ನು ಕಂಡು ಅತ್ತಳು, ಹದಿನಾರನೆಯ ದಿನ ಅಳುವುದನ್ನು ಮರೆತಳು. ಇದನ್ನೆಲ್ಲ ಇಷ್ಟು ಓರಣವಾಗಿ ಬರೆಯುವಾಗಲೇ ನನಗೆ ಸಂಶಯ. ಬಹುಶಃ ಅದು ಶುಕ್ರವಾರ ಆಗಿರಲಿಕ್ಕಿಲ್ಲ. ಚಿತ್ರಾನ್ನವೂ ಮೊಸರನ್ನವಾಗಿದ್ದಿರಬಹುದು.

ಒಂದು ಬೆಳಿಗ್ಗೆ ಸರೋಜ ಹಿತ್ತಲಿಂದ ಮೆಲ್ಲಗೆ ಕರೆದಳು. ಕಂಕುಳಲ್ಲಿ ಮಗಳಿದ್ದಳು. ಕಾಂಪೌಂಡಿನ ಬುಡದಲ್ಲಿ ಕೇರೆ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ನಾವು ಮೂವರೂ ನೋಡುತ್ತಿದ್ದಂತೆ ಎದ್ದು, ಅವಸರವಿಲ್ಲದೆ, ಹೊಲದ ಕಡೆ ಹೋಯಿತು.

"ಇಷ್ಟೇನಾ?" ಎಂದಳು ಸರೋಜ.

ನಾನು ಒಳಗೆ ಹೋಗಿ, ಬೀರುವಿನಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿಟ್ಟಿದ್ದ ಪೊರೆಯನ್ನು ತಂದು ನಡುಮನೆಯ ನೆಲದ ಮೇಲೆ ಉದ್ದಕ್ಕೆ ಹರವಿದೆ. ಅವಳು ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಅಯ್ಯೋ, ನಿಜವಾಗ್ಲೂ ಇಷ್ಟುದ್ದ ಇತ್ತಾ!" ಎಂದಳು. ಮದುವೆಯಾದ ಮೇಲೆ ನನ್ನ ಮಾತೊಂದನ್ನು ಅವಳು ಅಷ್ಟು ಪೂರ್ತಿಯಾಗಿ ನಂಬಿದ್ದು ಅದೇ ಮೊದಲು. ಪೊರೆಯ ಬಗ್ಗೆ ಮುನಿಯಪ್ಪ ಹೇಳಿದ್ದನ್ನು ಈವರೆಗೂ ಅವಳಿಗೆ ಹೇಳಿಲ್ಲ.